ತುಕ್ಕಿನ ಮ್ಯಾಲೆ ಬಣ್ಣ ಹಚ್ಚಬ್ಯಾಡ್ರಿ, ಮೊದ್ಲ ನೀರಿನ ದಾರಿ ಹುಡುಕ್ರಿ

ಮುಂಬೈಯ ಮಾಹಿಮ್‌ನಾಗ ಸಮುದ್ರದಿಂದ ಐದು ನಿಮಿಷದ ದಾರಿ ಇರೋ ಒಂದು ಹಳೇ ಬಿಲ್ಡಿಂಗಿನ ಕಂಪೌಂಡಿನಾಗ ತಾಡಪತ್ರಿ ಹೊಚ್ಕೊಂಡು 14 ವರ್ಷ ನಿಂತಿದ್ದ ಗೆಳೆಯನ ಎಂಜಿಬಿ ರೋಡ್‌ಸ್ಟರ್ ಅನ್ನೋ ಇಂಗ್ಲೆಂಡಿನ ಕಾರನ್ನ ಟ್ರಕ್ ಮ್ಯಾಲೆ ಹಾಕ್ಕೊಂಡು, ಖಂಡಾಳಾ ಘಾಟ್ ಹತ್ತಿಸಿ ಪುಣೆಯ ಚಿಂಚವಾಡಕ್ಕ ತಂದ್ವಿ. 1967ರ ಗಾಡಿ, ಎರಡ ಸೀಟು, ಮ್ಯಾಲೆ ಗಟ್ಟಿ ಛಾವಣಿ ಇಲ್ಲ. ನೋಡಾಕ ಬಂದವರೆಲ್ಲಾ "ಬಾಡಿ ಭಾಳ ಛಲೋ ಅದಲ್ರಿ" ಅಂದ್ರು. ಬಾಗಿಲದ ಕೆಳಗ ಉದ್ದಕ್ಕ ಓಡೋ ಪೆಟ್ಟಿಗಿ ಥರದ ಭಾಗ ಇರ್ತದಲ್ಲ, ಸಿಲ್ ಅಂತಾರ, ಅದರ ಮ್ಯಾಲೆ ನಾ ಹೆಬ್ಬಟ್ಟು ಇಟ್ಟು ಒತ್ತಿದೆ. ಬಣ್ಣ ಹಪ್ಪಳದಂಗ ಚಟ್ ಅಂತ ಮುರೀತು. ಒಳಗ ಬೆರಳು ಹಾಕಿದ್ರ ಪುಟ್ಟಿ, ಪುಟ್ಟಿ ಹಿಂದ ಮರಾಠಿ ಪೇಪರಿನ ಉಂಡಿ, ಅದೂ ಇನ್ನೂ ಹಸಿ ಹಸಿ. ಹಿಂದ ಯಾವುದೋ ಗ್ಯಾರೇಜಿನವರು ತೂತಿಗೆ ಪೇಪರ್ ತುರುಕಿ ಮ್ಯಾಲೆ ಪುಟ್ಟಿ ಎಳೆದು ಬಣ್ಣ ಹೊಡೆದು ರೊಕ್ಕ ತಗೊಂಡು ಕಳಿಸಿದ್ರು. ನಂಗ ಅವತ್ತು ಭಾಳ ಸಿಟ್ಟು ಬಂತು, ಯಾಕಂದ್ರ ಇದು ಬರೇ ಅಂದದ ಪ್ರಶ್ನೆ ಅಲ್ಲ, ಇಂಥಾ ಕಾರಿನಾಗ ಕೂತವರ ಜೀವ ಆ ಸಿಲ್ ಮ್ಯಾಲೆ ಇರ್ತದ.

ಅದಕ್ಕ ಈ ಲೇಖನ. ನಿಮ್ಮದು ಎಂಜಿಬಿ ಇರ್ಲಿ, ಟ್ರಯಂಫ್ ಸ್ಪಿಟ್‌ಫೈರ್ ಇರ್ಲಿ, ಮನ್ಯಾಗಿನ ಹಳೇ ಪ್ರೀಮಿಯರ್ ಪದ್ಮಿನಿ ಇರ್ಲಿ, ತುಕ್ಕಿನ ಸ್ವಭಾವ ಒಂದ, ಕೆಲಸದ ಕ್ರಮಾನೂ ಹೆಚ್ಚುಕಮ್ಮಿ ಒಂದ.

ನೀರು ಎಲ್ಲಿಂದ ಬಂತು, ಎಲ್ಲಿ ಕೂತ್ತು

ಕಬ್ಬಿಣ, ನೀರು, ಗಾಳಿಯಾಗಿನ ಆಕ್ಸಿಜನ್, ಮೂರೂ ಕೂಡಿದ್ರ ತುಕ್ಕು, ಉಪ್ಪು ಸೇರಿದ್ರ ಅದರ ವೇಗ ಹೆಚ್ಚಾಗ್ತದ. ಮಳಿ ಬೀಳಬೇಕಂತನೂ ಇಲ್ಲ, ಗಾಳಿಯಾಗಿನ ತೇವ 60 ಪರ್ಸೆಂಟ್ ದಾಟಿದ್ರ ಸಾಕು, ಬರೇ ತಗಡು ತಾನ ಕೆಂಪಾಗಾಕ ಶುರು ಆಗ್ತದ. ಮುಂಬೈಗೆ ವರ್ಷಕ್ಕ 2000 ಮಿಲಿಮೀಟರ್ ಮ್ಯಾಲೆ ಮಳಿ, ಪುಣೆಗೆ ಸುಮಾರು 700, ಮ್ಯಾಲೆ ಮುಂಬೈಗೂ ಗೋವಾಕ್ಕೂ ಸಮುದ್ರದ ಉಪ್ಪುಗಾಳಿ ಬ್ಯಾರೆ. ತಾಡಪತ್ರಿ ಹೊಚ್ಚಿದ್ರ ಕಾರು ಉಳೀತದ ಅಂತ ಜನ ತಿಳ್ಕೋತಾರ, ಆದ್ರ ನೆಲದಿಂದ ಏಳೋ ಹಬೆ ಅದರ ಕೆಳಗ ಸಿಕ್ಕೊಂಡು ರಾತ್ರಿ ತಗಡಿನ ಮ್ಯಾಲೆ ಹನಿಗಟ್ಟತದ, ಗಾಳಿ ಆಡೋ ಶೆಡ್ಡೇ ಎಷ್ಟೋ ಪಾಲು ಮೇಲು.

ಇನ್ನೊಂದು ಮಾತು ತಲ್ಯಾಗ ಇರ್ಲಿ, ಕಾರಿನ ತುಕ್ಕು ಬಹುಮಟ್ಟಿಗೆ ಒಳಗಿಂದ ಹೊರಗ ಬರ್ತದ. ಹೊರಗ ಒಂದು ಗುಳ್ಳಿ ಕಂಡ್ರ ಒಳಗ ಅಂಗೈಯಷ್ಟು ಹೋಗಿರ್ತದ. ತುಕ್ಕು ತಗಡಿಗಿಂತ ಎಷ್ಟೋ ಪಟ್ಟು ಜಾಗ ತಿಂತದ, ಅದಕ್ಕ ಎರಡು ತಗಡು ಕೂಡೋ ಜಾಗದಾಗ ಉಬ್ಬಿ ಚಿರೋಟಿ ಪದರ ಬಿಟ್ಟಂಗ ಬಿಡ್ತದ.

ಹುಡುಕಾಕ ದೊಡ್ಡ ಯಂತ್ರ ಬೇಕಿಲ್ಲ. ಒಂದು ಸಣ್ಣ ಅಯಸ್ಕಾಂತಕ್ಕ ಬಟ್ಟಿ ಸುತ್ತಿ ಪ್ಯಾನೆಲ್ ಮ್ಯಾಲೆ ಎಳೀರಿ, ಎಲ್ಲಿ ಹಿಡಿತ ಬಿಡ್ತದೋ ಅಲ್ಲಿ ಪುಟ್ಟಿ ದಪ್ಪ ಅದ ಅಂತ ಅರ್ಥ. ಎಂಜಿಬಿಯ ಹಳೇ ಮಾಡೆಲ್‌ಗಳಾಗ ಬಾನೆಟ್ ಅಲ್ಯುಮಿನಿಯಂದು, ಅಲ್ಲಿ ಅಯಸ್ಕಾಂತ ಹಿಡೀಲಿಲ್ಲಂತ ಗಾಬರಿ ಆಗಬ್ಯಾಡ್ರಿ. ಆಮ್ಯಾಲೆ ಸ್ಕ್ರೂಡ್ರೈವರ್ ಹಿಡಿಕಿಲೆ ಮೆಲ್ಲಕ ಬಡೀರಿ, ಗಟ್ಟಿ ತಗಡು ಟಣ್ ಅಂತದ, ಸತ್ತ ತಗಡು ದಬ್ ಅಂತದ. ದಬ್ ಅಂದ ಕಡೆ ಮೊನಿಲೆ ಚುಚ್ಚಿ ನೋಡ್ರಿ, ಹೆದರಿ ಬಿಡಬ್ಯಾಡ್ರಿ, ಈಗ ತೂತು ಬೀಳೂದು ಮುಂದ ರೋಡಿನಾಗ ಮುರಿಯೂದಕ್ಕಿಂತ ಸಾವಿರ ಪಾಲು ಮೇಲು.

ಕಡೀಕ ಒಂದು ತಂಬಿಗಿ ನೀರು ತಗೊಂಡು ವಿಂಡ್‌ಶೀಲ್ಡ್ ಮುಂದಿನ ಗಾಳಿ ಜಾಳಗಿ ಮ್ಯಾಲೆ ಸಾವಕಾಶ ಹಾಕಿ, ಕೆಳಗ ಕೂತು ನೀರು ಎಲ್ಲಿ ಹೊರಗ ಬರ್ತದ ನೋಡ್ರಿ. ನಮ್ಮ ಕಾರಿನಾಗ ಬರಲೇ ಇಲ್ಲ. ಆ ನೀರು ಹೋಗಾಕಂತ ಇರೋ ಸಣ್ಣ ರಬ್ಬರ್ ನಳಿಗಿ ಎಲಿ, ಮಣ್ಣು ತುಂಬಿ ಕಟ್ಟಿತ್ತು, ನೀರೆಲ್ಲಾ ಕಾಲು ಇಡೋ ಜಾಗದಾಗ ಇಳೀತಿತ್ತು, ಅಲ್ಲಿಂದ ಕಾರ್ಪೆಟ್ ಕೆಳಗ, ಅಲ್ಲಿಂದ ಸಿಲ್ ಅಂಚಿಗೆ. ಮುಂದಿನ ಚಕ್ರದ ಹಿಂದ ಮಡ್ಗಾರ್ಡ್ ಒಳಗ ಕೆಸರು ಕೂಡ್ರೋ ಜಾಗ, ಸೀಟಿನ ಹಿಂದ ಬ್ಯಾಟರಿ ಇಡೋ ಡಬ್ಬಿ, ಹಿಂದಿನ ಸ್ಪ್ರಿಂಗ್ ಪಟ್ಟಿ ಸಿಗಿಸಿದ ಜಾಗ, ಇವೆಲ್ಲಾ ಕಡೆ ಕೈ ಹಾಕಿ ನೋಡಿ ಚಾಕ್‌ಪೀಸಿನಲೆ ಗುರ್ತು ಮಾಡ್ರಿ. ನೀರಿನ ದಾರಿ ಸಿಗೋ ತನಕ ಗ್ರೈಂಡರ್ ಮುಟ್ಟಬ್ಯಾಡ್ರಿ. ದಾರಿ ಸಿಗದ ಮಾಡಿದ ರಿಪೇರಿ ಎರಡು ಮಳಿಗಾಲಕ್ಕ ಹೋಗ್ತದ.

ಯಾವಾಗ ಶುರು ಮಾಡಬೇಕು

ನಾವು ಖಂಡೇ ಪೂಜಿ ದಿನ ಗ್ರೈಂಡರ್, ವೆಲ್ಡಿಂಗ್ ಮಶೀನಿಗೆ ಕುಂಕುಮ ಹಚ್ಚಿ ಮರುದಿನ ಕೆಲಸ ಹಿಡದ್ವಿ. ಬರೇ ಸಂಪ್ರದಾಯ ಅಲ್ರಿ ಅದು, ದಸರಾ ಆದ ಮ್ಯಾಲೆ ಈ ಕಡೆ ಹವಾ ಒಣಗತದ. ವೆಲ್ಡಿಂಗ್ ಸಂಕ್ರಾಂತಿಯೊಳಗ, ಬಣ್ಣ ಮಾರ್ಚ್‌ನೊಳಗ, ಕಡೀ ಕೆಲಸ ಜೂನಿನಾಗ ಮಿರಗಾ ಮಳಿ ಬರೋದ್ರೊಳಗ, ಹಿಂಗ ಲೆಕ್ಕ ಇಟ್ಕೊಳ್ರಿ. ಸಾಮಾನಿಗೆ ಪುಣೆದಾಗ ಬೋಹ್ರಿ ಆಳಿ, ಮುಂಬೈದಾಗ ನಾಗದೇವಿ ಸ್ಟ್ರೀಟ್, ಎರಡೂ ಕಡೆ ಡಿಸ್ಕ್, ವೈರ್ ಬ್ರಷ್, ಕ್ಲ್ಯಾಂಪ್ ಎಲ್ಲಾ ಸಿಗ್ತಾವ. ಕಣ್ಣಿಗೆ ಗಾಗಲ್, ಮುಖಕ್ಕ ಶೀಲ್ಡ್, ಛಲೋ ಮಾಸ್ಕ್ ಮೊದ್ಲ ತಗೊಳ್ರಿ. ಹಳೇ ಬಣ್ಣದಾಗ ಸೀಸ ಇರಬಹುದು, ಅದನ್ನ ಒಣಾ ತಿಕ್ಕಿ ಧೂಳು ಎಬ್ಬಿಸಬ್ಯಾಡ್ರಿ, ನೀರು ಹಚ್ಚಿ ತಿಕ್ರಿ, ತಿಕ್ಕಿದ ಕೂಡಲೇ ಒರೆಸಿ ಒಣಗಿಸ್ರಿ.

ಕತ್ತರಿಸೋ ಮೊದ್ಲ ಕಾರಿಗೆ ಆಸರ

ಇದು ಈ ಇಡೀ ಕೆಲಸದಾಗ ಎಲ್ಲಾಕಿಂತ ದೊಡ್ಡ ಮಾತು, ಅದಕ್ಕ ಜರ ಉದ್ದ ಹೇಳ್ತೀನಿ. ಇಂಗ್ಲೆಂಡಿನ ಅಬಿಂಗ್ಡನ್‌ದಾಗ 1962ರಿಂದ 1980ರ ತನಕ ತಯಾರಾದ ಎಂಜಿಬಿಗೆ ಬ್ಯಾರೆ ಚಾಸಿಸ್ (ಭಾರ ಹೊರೋ ಕೆಳಗಿನ ಚೌಕಟ್ಟು) ಇಲ್ಲ, ಬಾಡಿನೇ ಚಾಸಿಸ್. ಮ್ಯಾಲೆ ಛಾವಣಿ ಇಲ್ಲದ ರೋಡ್‌ಸ್ಟರ್‌ನಾಗ ಮುಂದಿನ ಅರ್ಧ, ಹಿಂದಿನ ಅರ್ಧ ಕೂಡಿಸಿ ಹಿಡಿಯೋ ಭಾರ ಎಲ್ಲಾ ಎರಡು ಸಿಲ್ ಮ್ಯಾಲೆ ಬೀಳ್ತದ. ಅದು ಒಂದು ತಗಡಲ್ಲ. ಹೊರಗಿನ ಸಿಲ್, ನಡುವ ನಿಂತ ಒಂದು ಪರದೆ ತಗಡು, ಒಳಗಿನ ಸಿಲ್, ಕೆಳಗ ಕೋಟೆ ಗೋಡಿ ಮ್ಯಾಲಿನ ತೆನೆ ಥರ ಕಾಣೋ ಒಂದು ಪಟ್ಟಿ, ಹಿಂಗ ಪದರ ಪದರ ಕೂಡಿ ಪೆಟ್ಟಿಗಿ ಆಗಿರ್ತದ. ಸ್ಪಿಟ್‌ಫೈರ್‌ಗೆ ಚಾಸಿಸ್ ಬ್ಯಾರೆ ಇದ್ರೂ ಅದರಾಗೂ ಸಿಲ್ ಭಾರ ಹೊರ್ತದ. ಆಸರ ಇಲ್ಲದ ಇದನ್ನ ಕೊಯ್ದ್ರ ಕಾರು ನಡುವ ಬಾಗ್ತದ, ಹಂಗ ಬಾಗಿದ ಮ್ಯಾಲೆ ಹೊಸ ಸಿಲ್ ಬೆಸೆದ್ರ ಬಾಗಿಲ ಜನ್ಮದಾಗ ಸರಿ ಕೂಡ್ರೂದಿಲ್ಲ.

ಮೊದ್ಲ ಬ್ಯಾಟರಿ ತೆಗೀರಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡ್ರಿ, ಸೀಟು ಕಾರ್ಪೆಟ್ ಎಲ್ಲಾ ಹೊರಗ. ಕಾರನ್ನ ಸಮಾ ನೆಲದ ಮ್ಯಾಲೆ ನಾಲ್ಕು ಘೋಡಿ (ಕಾರು ಹೊರೋ ಸ್ಟ್ಯಾಂಡ್) ಮ್ಯಾಲೆ ನಿಲ್ಲಿಸ್ರಿ, ಘೋಡಿ ಗಟ್ಟಿ ಜಾಗದಾಗ ಇರ್ಬೇಕು, ಬರೇ ಜಾಕ್ ಮ್ಯಾಲೆ ಬಿಟ್ಟು ಕೆಳಗ ಎಂದೂ ಹೋಗಬ್ಯಾಡ್ರಿ. ಬಾಗಿಲ ಇನ್ನೂ ಕಾರಿನ ಮ್ಯಾಲೆ ಇದ್ದಾಗ್ಲೇ ಅದರ ಸುತ್ತಲಿನ ಸಂದು ಮ್ಯಾಲೆ, ಕೆಳಗ, ಎರಡೂ ಬದಿ ಅಳೆದು ಗೋಡಿ ಮ್ಯಾಲೆ ಬರೀರಿ. ಆಮ್ಯಾಲೆ ಬಾಗಿಲ ತೆಗೆದು, ಕೀಲು ಕೂಡ್ರೋ ಕಂಬದಿಂದ ಲಾಕ್ ಕೂಡ್ರೋ ಕಂಬಕ್ಕ 25 ಎಂಎಂ ಸ್ಕ್ವೇರ್ ಪೈಪ್ ಒಂದು ಅಡ್ಡ, ಒಂದು ಓರೆ, ಟಾಕಾ (ಚುಕ್ಕಿಯಷ್ಟು ಸಣ್ಣ ವೆಲ್ಡ್) ಹಾಕಿ ಕೂಡಿಸ್ರಿ. ಎರಡೂ ಬದಿ ಪೈಪ್ ಹಾಕ್ರಿ, ಆದ್ರ ಕೊಯ್ಯೂದು ಒಂದು ಬದಿ ಮಾತ್ರ, ಅದು ಪೂರ್ತಿ ಬೆಸೆದು ಮುಗಿದ ಮ್ಯಾಲೆನ ಇನ್ನೊಂದು ಬದಿ.

ಕೊಯ್ಯೂದು, ತುಂಡು ಮಾಡೂದು

ತುಕ್ಕಿನಾಗ ಮೂರು ತರ. ಮ್ಯಾಲಮ್ಯಾಲಿಂದು ವೈರ್ ಬ್ರಷ್, ಪೇಪರ್ ತಿಕ್ಕಿದ್ರ ಹೋಗ್ತದ. ಕುಳಿ ಬಿದ್ದಿದ್ದು ತಿಕ್ಕಿ, ಕೆಮಿಕಲ್ ಹಚ್ಚಿ ನಿಲ್ಲಿಸಬಹುದು. ತೂತು ಬಿದ್ದಿದ್ದಕ್ಕ, ಅಥವಾ ಹೆಬ್ಬಟ್ಟಿಗೆ ಬಾಗೋ ಅಷ್ಟು ತೆಳ್ಳಗಾದದ್ದಕ್ಕ ಕೊಯ್ಯೂದು ಒಂದ ದಾರಿ. ಕೊಯ್ಯುವಾಗ ತೂತಿನ ಅಂಚಿಗೆ ನಿಲ್ಲಬ್ಯಾಡ್ರಿ, ಒಂದು ಇಂಚು ದಾಟಿ, ಎಲ್ಲಿ ತಗಡು ಪೂರ್ತಿ ದಪ್ಪ ಇದ್ದು ಬೆಳ್ಳಗ ಹೊಳೀತದೋ ಅಲ್ಲಿ ತನಕ ಹೋಗ್ರಿ. ತೆಳು ಅಂಚಿಗೆ ವೆಲ್ಡಿಂಗ್ ಹಿಡಿದ್ರ ತಗಡು ಉರಿದು ಹೋಗಿ ತೂತು ದೊಡ್ಡದಾಗ್ತದ, ಹೊಸಬರು ಬ್ಯಾಸತ್ತು ಕೈ ಬಿಡೂದು ಇಲ್ಲೇ. ಸಿಲ್ಲಿನ ಎರಡೂ ತುದಿ ಮುಂದಿನ ಮಡ್ಗಾರ್ಡ್ ಹಿಂದ, ಹಿಂದಿನ ಪ್ಯಾನೆಲ್ ಒಳಗ ಮುಚ್ಚಿರ್ತಾವ. ಮುಂದಿನ ಮಡ್ಗಾರ್ಡ್ ಬೋಲ್ಟ್ ಮ್ಯಾಲೆ ಇರೂದ್ರಿಂದ ಬಿಚ್ಚಬಹುದು, ಹಿಂದ ಮಾತ್ರ ಸ್ವಲ್ಪ ಕೊಯ್ಯಬೇಕಾಗ್ತದ. ಕಾಣೋ ಅಷ್ಟೇ ಬದಲು ಮಾಡಿ ಮ್ಯಾಲೆ ಒಂದು ಪಟ್ಟಿ ಬೆಸೆಯೂದು ಮೋಸ, ಅದು ಭಾರ ಹೊರೂದಿಲ್ಲ.

ಎಂಜಿಬಿಗೆ ಹೊಸ ಪ್ಯಾನೆಲ್ ಇಂಗ್ಲೆಂಡಿನಿಂದ ತರಿಸಬಹುದು, ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಇದರ ಇಡೀ ಬಾಡಿ ಶೆಲ್ಲೇ ಮಾಡಿ ಮಾರ್ತಾರ. ನಾವು ಹೊರಗಿನ ಸಿಲ್ ಅಷ್ಟ ತರಿಸಿ, ಉಳಿದ ತುಂಡು ಇಲ್ಲೇ ಮಾಡಿಸಿದ್ವಿ. ಮೊದ್ಲ ರಟ್ಟಿನಾಗ ನಮೂನಿ ಕತ್ತರಿಸಿ ಜಾಗಕ್ಕ ಇಟ್ಟು ನೋಡಿ, ಅದನ್ನ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ವಸಾಹತಿನಾಗ ತಗಡು ಬಾಗಿಸೋ ಶಾಪಿಗೆ ಒಯ್ದ್ವಿ. ಸಿಆರ್ (ಕೋಲ್ಡ್ ರೋಲ್ಡ್) ಶೀಟನ್ನೇ ಕೇಳ್ರಿ, ಹೊರಗಿನ ಪ್ಯಾನೆಲ್ಲಿಗೆ 20 ಗೇಜ್ ಅಂದ್ರ 0.9 ಎಂಎಂ, ಭಾರ ಹೊರೋ ಒಳಗಿನ ತುಂಡಿಗೆ 18 ಗೇಜ್, 1.2 ಎಂಎಂ. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯೂದಿಲ್ಲಂತ ಕೊಡ್ತಾರ, ಆದ್ರ ಅದನ್ನ ಹಂಗ ವೆಲ್ಡ್ ಮಾಡಿದ್ರ ಸತುವಿನ ಹೊಗಿ ಕುಡಿದು ರಾತ್ರಿ ಜ್ವರ, ನಡುಕ ಬರ್ತದ, ಬ್ಯಾಡ್ರಿ. ತುಂಡಿನ ಮೂಲಿ ಗುಂಡಗ ಇರ್ಲಿ, ಚೌಕ ಮೂಲಿಯಾಗ ಶಾಖ ಸೇರಿ ತಗಡು ಸೊಟ್ಟ ಆಗ್ತದ.

ಬೆಸೆಯಾಕ ಸಿಒ2 ವೆಲ್ಡಿಂಗ್ ಮಶೀನ್ ಛಲೋ, ವೈರ್ 0.6 ಇಲ್ಲಾ 0.8 ಎಂಎಂ, ಆರ್ಗಾನ್ ಮಿಕ್ಸ್ ಗ್ಯಾಸ್ ಸಿಕ್ರ ಇನ್ನೂ ಛಲೋ. ಕಡ್ಡಿ ವೆಲ್ಡಿಂಗ್ ಈ ತೆಳು ತಗಡಿಗೆ ಬ್ಯಾಡ. ನಂಗ ಕೈ ಹಿಡಿದು ಕಲಿಸಿದವರು ಭೋಸರಿಯಾಗ ಮೂವತ್ತು ವರ್ಷದಿಂದ ಇರೋ ಇಂಡಿ ಕಡೆ ಕಾಕಾ ಒಬ್ರು. ನಾ ಮೊದಲನೇ ದಿನ ಸಡಗರದಾಗ ಒಂದ ಗೆರಿ ಎಳದೆ, ತಗಡು ಹೊಯ್ದಾಡಿ ಅಲಿ ಅಲಿ ಆತು. ಕಾಕಾ ಬೈಲಿಲ್ಲ, "ತಮ್ಮಾ, ಒಂದು ಟಾಕಾ ಹಾಕು, ಕೈ ಇಟ್ಟು ನೋಡು, ಕೈ ತಾಳಿದ್ರ ಮುಂದಿಂದು ಹಾಕು, ಅದೂ ಆ ಕಡೆ ತುದಿಗೆ" ಅಂದ್ರು. ಹಂಗ ಮಾಡ್ರಿ. ಒಂದೊಂದು ಇಂಚಿಗೆ ಒಂದು ಟಾಕಾ, ಎಡಕ್ಕ ಒಂದು, ಬಲಕ್ಕ ಒಂದು, ಆಮ್ಯಾಲೆ ನಡುವಿನ ಸಂದು ಹಂಗ ತುಂಬಕೋತ ಬರೂದು. ಬಿಸಿ ತಗಡಿಗೆ ನೀರು ಸುರೀಬ್ಯಾಡ್ರಿ, ಗಾಳಿಗೆ ಆರ್ಲಿ. ಒಂದರ ಮ್ಯಾಲೆ ಒಂದು ಬರೋ ಅಂಚಿನಾಗ ಮ್ಯಾಲಿನ ತಗಡಿಗೆ 6 ಎಂಎಂ ತೂತು ಹೊಡೆದು ಆ ತೂತು ತುಂಬೋ ಹಂಗ ಬೆಸೀರಿ, ನಡುವ ಮೊದ್ಲ ವೆಲ್ಡ್ ತಾಳೋ ಸತುವಿನ ಪ್ರೈಮರ್ ಹಚ್ಚಿರಿ, ಬೆಸೆಯೋ ಮುಂದ ಮಾಸ್ಕ್ ಮರೀಬ್ಯಾಡ್ರಿ. ಸಿಲ್ಲಿಗೆ ಬರೇ ಟಾಕಾ ಹಾಕಿದಾಗ್ಲೇ ಬಾಗಿಲ ಸಿಗಿಸಿ ನೋಡ್ರಿ, ಗೋಡಿ ಮ್ಯಾಲೆ ಬರೆದ ಅಳತಿಗೆ ಸಂದು ಕೂಡಿದ್ರ ಮಾತ್ರ ಪೂರ್ತಿ ಬೆಸೆಯೂದು. ನಮ್ಮದು ಒಂದು ಕಡೆ 3 ಎಂಎಂ ಜಾಸ್ತಿ ಬಂತು, ಟಾಕಾ ಎಲ್ಲಾ ಕೊಯ್ದು ಮತ್ತ ಮಾಡಿದ್ವಿ, ಎರಡು ದಿನ ಹೋತು. ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಂಗ ಇಡ್ರಿ, ಕೆಲಸ ಮುಗಿದ ಮ್ಯಾಲೆ ಅರ್ಧ ತಾಸು ಅಲ್ಲೇ ಕೂತು ನೋಡ್ರಿ, ಕಿಡಿ ಮೂಲ್ಯಾಗ ಕೂತು ಸಾವಕಾಶ ಹೊತ್ತತದ.

ಮುಂದ ಪ್ರೈಮರ್

ತೆರೆದ ತಗಡು ಮುಂಬೈ ಹವಾದಾಗ ಕೆಲವು ತಾಸಿನೊಳಗ ಕೆಂಪು ಬಿಡ್ತದ. ಅದಕ್ಕ ಇವತ್ತು ಎಷ್ಟು ಪ್ರೈಮರ್ ಮಾಡಾಕ ಆಗ್ತದೋ ಅಷ್ಟ ತಿಕ್ರಿ. ಕುಳಿ ಬಿದ್ದ ಕಡೆ ಫಾಸ್ಫಾರಿಕ್ ಆಸಿಡ್ ಇರೋ ತುಕ್ಕಿನ ಕೆಮಿಕಲ್ ಹಚ್ಚಿದ್ರ ಉಳಿದ ತುಕ್ಕು ಕಬ್ಬಿಣದ ಫಾಸ್ಫೇಟ್ ಆಗಿ ಕೂಡ್ರತದ, ಆದ್ರ ಮ್ಯಾಲಿನ ಜಿಗುಟು ತೊಳೆದು ಒಣಗಿಸದ ಇಪಾಕ್ಸಿ ಹಚ್ಚಿದ್ರ ಅದು ಹಿಡಿಯೂದಿಲ್ಲ, ಎದ್ದು ಬರ್ತದ. ಥಿನ್ನರ್‌ಲೆ ಒರೆಸ್ರಿ, ಬರಿಗೈ ಮುಟ್ಟಬ್ಯಾಡ್ರಿ, ಎರಡು ಕೋಟ್ ಇಪಾಕ್ಸಿ ಪ್ರೈಮರ್ ಕೊಡ್ರಿ. ತಗಡಿನ ಶಾಖ ಇಬ್ಬನಿ ಕಟ್ಟೋ ಶಾಖಕ್ಕಿಂತ 3 ಡಿಗ್ರಿನಾದ್ರೂ ಮ್ಯಾಲೆ ಇರ್ಬೇಕು, ಅಂದ್ರ ನಸುಕಿನಾಗ ಬ್ಯಾಡ, ಹತ್ತು ಗಂಟೆ ಬಿಸಿಲು ಬಂದ ಮ್ಯಾಲೆ.

ಪುಟ್ಟಿ ಈ ಇಪಾಕ್ಸಿ ಮ್ಯಾಲೆನ, ಎರಡು ಮೂರು ಎಂಎಂ ದಾಟಬ್ಯಾಡ, ಒಣಾನ ತಿಕ್ರಿ, ಯಾಕಂದ್ರ ಪುಟ್ಟಿ ನೀರು ಕುಡೀತದ. ಅದು ಅಲೆ ಸಮಾ ಮಾಡಾಕ ಇರೂದು, ತೂತು ಮುಚ್ಚಾಕಲ್ಲ. ಪಿಯು (ಪಾಲಿಯುರೆಥೇನ್) ಪೇಂಟನ್ನ ಮನಿ ಅಂಗಳದಾಗ ಹೊಡೀಬ್ಯಾಡ್ರಿ, ಅದರ ಹಾರ್ಡನರ್‌ನಾಗಿನ ಐಸೋಸೈನೇಟ್ ಪುಪ್ಪಸಕ್ಕ ಕೆಟ್ಟದ್ದು, ಬೂತ್ ಇರೋ ಪೇಂಟರ್ ಕೈಗೆ ಕೊಡ್ರಿ.

ಬಣ್ಣಕ್ಕ ಮೊದ್ಲ ಎಲ್ಲಾ ಜೋಡಣಿಗೂ ಸಂದು ಮುಚ್ಚೋ ಸೀಮ್ ಸೀಲರ್ ಎಳೀರಿ. ಕೆಳಗ ದಪ್ಪ ಡಾಂಬರ್ ಕೋಟಿಂಗ್ ಹೊಡಿಸಾಕ ಎಲ್ಲರೂ ಹೇಳ್ತಾರ, ನಾ ಬ್ಯಾಡ ಅಂತೀನಿ, ಅದು ಒಣಗಿ ಬಿರುಕು ಬಿಟ್ಟ ಮ್ಯಾಲೆ ನೀರು ಒಳಗ ಹೋಗಿ ಹೊರಗ ಬರೂದಿಲ್ಲ, ಕೆಳಗ ಏನಾಗ್ಲಿಕತ್ತದ ಕಾಣೂದೂ ಇಲ್ಲ.

ಬಣ್ಣ ಒಣಗಿದ ಮ್ಯಾಲೆ ಸಿಲ್ಲಿನ ಒಳಗ ಕ್ಯಾವಿಟಿ ವ್ಯಾಕ್ಸ್, ಅಂದ್ರ ಟೊಳ್ಳು ಜಾಗಕ್ಕ ಹೊಡೆಯೋ ಮೇಣ. ಉದ್ದ ನಳಿಗಿ ಒಳಗ ತುದಿ ತನಕ ಬಿಟ್ಟು, ಹೊಡಕೋತ ಸಾವಕಾಶ ಹಿಂದಕ್ಕ ಎಳೀರಿ, ಬಿಸಿಲಿದ್ದ ದಿನ ಮಾಡ್ರಿ, ವ್ಯಾಕ್ಸ್ ತೆಳ್ಳಗಾಗಿ ಜೋಡಣಿ ಸಂದಿಯೊಳಗ ಇಳೀತದ. ಸಿಲ್ಲಿನ ಕೆಳಗ ನೀರು ಇಳಿಯಾಕ ಕಂಪನಿಯವರ ಬಿಟ್ಟ ತೂತು ಇರ್ತಾವ, ಅವು ತೆರೆದ ಇರ್ಬೇಕು. ನಾವು ಕಾರಿನ ಕೆಳಗ ಎರಡೂ ಬದಿ ರಟ್ಟು ಹಾಸಿ ರಾತ್ರಿ ಬಿಟ್ವಿ. ಮುಂಜಾನೆ ನೋಡಿದ್ರ ಎಡಗಡೆ ರಟ್ಟಿನ ಮ್ಯಾಲೆ ಮೂರು ಕಡೆ ವ್ಯಾಕ್ಸಿನ ಹನಿ ಬಿದ್ದಿತ್ತು, ಬಲಗಡೆ ಎರಡ ಕಡೆ. ಮೂರನೇ ತೂತಿನಾಗ ಪ್ರೈಮರ್ ಕೂತು ಗಟ್ಟಿ ಆಗಿತ್ತು. ಗೆಳೆಯ ಸೈಕಲ್ ಕಡ್ಡಿ ತಗೊಂಡು ಕೆಳಗ ಮಲಗಿ ಅದನ್ನ ಬಿಡಿಸಿದ, ಆ ಬದಿಗೆ ಇನ್ನೊಮ್ಮೆ ವ್ಯಾಕ್ಸ್ ಹೊಡೆದ್ವಿ, ಮಧ್ಯಾಹ್ನದ ಹೊತ್ತಿಗೆ ಅಲ್ಲೂ ಹನಿ ಬಿತ್ತು.