ದವಡೆಯ ಗೆರೆ ತಿದ್ದಿಸುವುದು: ಯಾವ ಪದರದ ದೋಷಕ್ಕೆ ಯಾವ ಚಿಕಿತ್ಸೆ

ದವಡೆಯ ಗೆರೆ ಅಂದರೆ ಅಸಲಿಗೆ ಒಂದು ನೆರಳಿನ ಅಂಚು. ಮೇಲೆ ಬೆಳಕು ಬಿದ್ದ ಕೆನ್ನೆ, ಕೆಳಗೆ ಕತ್ತಲಲ್ಲಿರುವ ಕತ್ತು. ನಡುವಿನ ಅಂಚು ಚೂಪಾಗಿದ್ದರೆ ಮುಖ ಕಡೆದಿಟ್ಟಂತೆ ಕಾಣುತ್ತದೆ. ಆ ಅಂಚನ್ನು ಮಸುಕು ಮಾಡುವವು ಮುಖ್ಯವಾಗಿ ಐದು: ಗದ್ದದಡಿಯ ಕೊಬ್ಬು, ಜೋತುಬಿದ್ದ ಚರ್ಮ, ಕತ್ತಿನ ಮುಂಭಾಗದ ತೆಳು ಸ್ನಾಯುವಿನ ಎಳೆತ, ದಪ್ಪಗಾದ ಅಗಿಯುವ ಸ್ನಾಯು, ಹಿಂದಕ್ಕೆ ಸರಿದ ಗದ್ದದ ಮೂಳೆ. ಹಣ ನೀರುಪಾಲಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ದೋಷ ಒಂದು ಪದರದಲ್ಲಿ, ಸೂಜಿ ಇನ್ನೊಂದರಲ್ಲಿ. ಗದ್ದದ ಮೂಳೆಯೇ ಚಿಕ್ಕದಿರುವವರ ಕೊಬ್ಬು ಕರಗಿಸಿದರೆ ಕತ್ತು ತೆಳ್ಳಗಾಗುತ್ತದೆ, ಗೆರೆ ಮೂಡುವುದಿಲ್ಲ. ಚರ್ಮ ಸಡಿಲವಿರುವವರ ಕೊಬ್ಬು ತೆಗೆದರೆ ಗಾಳಿ ಬಿಟ್ಟ ಬಲೂನಿನಂತೆ ಇನ್ನಷ್ಟು ಜೋಲುತ್ತದೆ.

ಮೊದಲು ಕನ್ನಡಿ, ಆಮೇಲೆ ಕ್ಲಿನಿಕ್

ಕಿಟಕಿಯ ಬೆಳಕಿನಲ್ಲಿ ನಿಂತು, ಐದಾರು ಅಡಿ ದೂರದಿಂದ, ಫೋನನ್ನು ಮುಖದ ಮಟ್ಟಕ್ಕೆ ಹಿಡಿಯಲು ಯಾರಿಗಾದರೂ ಹೇಳಿ. ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು, ಓರೆಯಾಗಿ ಎರಡು ಫೋಟೊ ಸಾಕು. ಸೆಲ್ಫಿ ಬೇಡ, ಕೈಯಳತೆಯ ದೂರದಲ್ಲಿ ಮೂಗು ಉಬ್ಬಿ ಮುಖದ ಅಂಚು ಹಿಂದೆ ಸರಿದಂತೆ ಕಾಣುತ್ತದೆ. ನಂತರ ನಾಲ್ಕು ಪರೀಕ್ಷೆ.

ಗದ್ದದಡಿಯ ಮಡಿಕೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಿರಿ. ಹಿಡಿದುಕೊಂಡೇ ತುಟಿಗಳನ್ನು ಕೆಳಕ್ಕೆ ಬಿಗಿದು, ಕತ್ತಿನ ನಾರುಗಳು ಎದ್ದು ಕಾಣುವಂತೆ ಮುಖ ಸಿಂಡರಿಸಿ. ಮಡಿಕೆ ಬೆರಳಲ್ಲೇ ಉಳಿದರೆ ಕೊಬ್ಬು ಸ್ನಾಯುವಿನ ಮೇಲಿದೆ. ಸೂಜಿಯಿಂದಲೋ ಲೈಪೊಸಕ್ಷನ್‌ನಿಂದಲೋ (ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು) ಅದನ್ನು ತೆಗೆಯಬಹುದು. ಜಾರಿಹೋದರೆ ಕೊಬ್ಬು ಸ್ನಾಯುವಿನ ಕೆಳಗಿದೆ. ಅದಕ್ಕೆ ಸೂಜಿ ಹಾಕಿಸಬಾರದು, ತೆರೆದ ಶಸ್ತ್ರಚಿಕಿತ್ಸೆಯೇ ದಾರಿ.

ಅಂಗಾತ ಮಲಗಿ ಕನ್ನಡಿ ಹಿಡಿಯಿರಿ. ನಿಂತಾಗ ಮಸುಕಾಗಿದ್ದ ಗೆರೆ ಮಲಗಿದಾಗ ಚೂಪಾದರೆ ತೊಂದರೆ ಚರ್ಮದ ಸಡಿಲಿಕೆಯದ್ದು.

ಕಿವಿಯ ಕೆಳಗೆ ದವಡೆ ತಿರುಗುವ ಮೂಲೆಯಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ. ಗಟ್ಟಿ ಉಂಡೆಯಂತೆ ಎದ್ದರೆ ಮುಖ ಚೌಕವಾಗಿ ಕಾಣಲು ಅಗಿಯುವ ಸ್ನಾಯು ಕಾರಣ. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ, ದಿನವಿಡೀ ಅಡಿಕೆ ಅಗಿಯುವವರಲ್ಲಿ ಇದು ಸಾಮಾನ್ಯ.

ಪಕ್ಕದ ಫೋಟೊದಲ್ಲಿ ಕೆಳತುಟಿಯ ಅತಿ ಮುಂದಿನ ತುದಿಯಿಂದ ನೇರ ಕೆಳಕ್ಕೆ ಗೆರೆ ಎಳೆಯಿರಿ. ಗಂಡಸರ ಗದ್ದ ಆ ಗೆರೆಯನ್ನು ಮುಟ್ಟುವಂತಿರಬೇಕು, ಹೆಂಗಸರದ್ದು ಒಂದೆರಡು ಮಿಲಿಮೀಟರ್ ಹಿಂದಿದ್ದರೂ ಸರಿ. ಅದಕ್ಕಿಂತ ಬಹಳ ಹಿಂದಿದ್ದರೆ ಮೂಳೆಯ ಪ್ರಶ್ನೆ. ಹಲ್ಲುಗಳ ಕಚ್ಚುವಿಕೆಯೂ ಸರಿಯಿಲ್ಲದಿದ್ದರೆ ಮೊದಲು ದಂತವೈದ್ಯರು.

ಒಂದೇ ಪಕ್ಕದ ಊತ, ಇತ್ತೀಚೆಗೆ ಬೆಳೆದ ಗಂಟು, ನುಂಗಿದಾಗ ಮೇಲೆ ಕೆಳಗೆ ಸರಿಯುವ ಉಬ್ಬು (ಥೈರಾಯ್ಡ್), ಊಟದ ಹೊತ್ತಿಗೆ ದಪ್ಪಗಾಗುವ ಊತ (ಜೊಲ್ಲುಗ್ರಂಥಿ) ಕಂಡರೆ ಅಂದಚಂದದ ಮಾತು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ. ಅಡಿಕೆ, ಗುಟ್ಕಾ ಅಭ್ಯಾಸವಿದ್ದು ಬಾಯಿಯಲ್ಲಿ ಮೂರು ಬೆರಳು ನಿಲ್ಲಿಸಿ ತೂರಿಸಲಾಗದಿದ್ದರೂ ಅಷ್ಟೇ. ಐದಾರು ಕಿಲೊ ಇಳಿಸುವ ಯೋಚನೆಯಿದ್ದರೆ ಇಳಿಸಿ, ತೂಕ ಎರಡು ಮೂರು ತಿಂಗಳು ನಿಂತ ಮೇಲೆ ಮತ್ತೆ ಫೋಟೊ ತೆಗೆಯಿರಿ. ಎಷ್ಟೋ ಜನರಿಗೆ ಮುಂದಿನದ್ದು ಬೇಕಾಗುವುದೇ ಇಲ್ಲ.

ಕೊಬ್ಬೇ ಕಾರಣವಾಗಿದ್ದರೆ

ಚರ್ಮ ಬಿಗಿಯಾಗಿದ್ದು ಕೊಬ್ಬು ಸ್ವಲ್ಪವೇ ಇದ್ದರೆ ಡೀಆಕ್ಸಿಕೋಲಿಕ್ ಆಮ್ಲದ ಚುಚ್ಚುಮದ್ದು. ಇದು ಪಿತ್ತರಸದಲ್ಲಿರುವ ವಸ್ತುವೇ. ಕೊಬ್ಬಿನ ಕೋಶದ ಪೊರೆ ಒಡೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗದ್ದದಡಿಯ ಕೊಬ್ಬಿಗೆ ಇದನ್ನು ಒಪ್ಪಿದ್ದು 2015ರಲ್ಲಿ. ಒಂದು ಸೆಂಟಿಮೀಟರ್ ಅಂತರದ ಚುಕ್ಕಿಗಳಲ್ಲಿ ತಲಾ 0.2 ಮಿಲಿ, ಒಂದು ಸಲಕ್ಕೆ ಗರಿಷ್ಠ 50 ಚುಕ್ಕಿ ಅಂದರೆ 10 ಮಿಲಿ, ಎರಡು ಸಲದ ನಡುವೆ ಕನಿಷ್ಠ ಒಂದು ತಿಂಗಳು, ಒಟ್ಟು ಆರು ಸಲ ಮೀರುವಂತಿಲ್ಲ. ಮೊದಲ ವಾರ ಕಪ್ಪೆಯ ಗಂಟಲಿನಂತೆ ಊದುತ್ತದೆ, ಮರಗಟ್ಟುವಿಕೆ ವಾರಗಟ್ಟಲೆ ಉಳಿಯಬಹುದು. ಹಾಗಾಗಿ ಮದುವೆಗೆ ಹದಿನೈದು ದಿನ ಇರುವಾಗ ಇದಕ್ಕೆ ಕೈಹಾಕಬೇಡಿ. ದವಡೆಯ ಮೂಳೆಯ ಅಂಚಿಗೆ ಒಂದೂವರೆ ಸೆಂಟಿಮೀಟರ್ ಒಳಗೆ ಚುಚ್ಚಬಾರದು. ಅಲ್ಲಿ ಕೆಳತುಟಿಯನ್ನು ಕೆಳಗೆಳೆಯುವ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ನಗು ವಾರೆಯಾಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಬರೀ "ಫ್ಯಾಟ್ ಡಿಸಾಲ್ವಿಂಗ್" ಎಂಬ ಚೀಟಿಯಿರುವ, ಒಳಗೇನಿದೆ ಎಂದು ಬರೆಯದ ಬಾಟಲಿಗೆ ಒಪ್ಪಬೇಡಿ.

ಕೊಬ್ಬನ್ನು ತಣ್ಣಗೆ ಮಾಡಿ ಸಾಯಿಸುವ ಯಂತ್ರವೂ ಇದೆ. ನೋವು ಕಡಿಮೆ, ಫಲವೂ ನಿಧಾನ, ಎರಡು ಮೂರು ತಿಂಗಳು ಬೇಕು. ಅಪರೂಪಕ್ಕೆ ಆ ಜಾಗದ ಕೊಬ್ಬು ಕರಗುವ ಬದಲು ಗಟ್ಟಿಯಾಗಿ ಬೆಳೆಯುತ್ತದೆ, ಆಗ ಶಸ್ತ್ರಚಿಕಿತ್ಸೆಯಲ್ಲೇ ತೆಗೆಸಬೇಕು.

ಕೊಬ್ಬು ಕೈತುಂಬ ಸಿಗುವಂತಿದ್ದರೆ ಲೈಪೊಸಕ್ಷನ್ ಒಂದೇ ಸಲಕ್ಕೆ ಕೆಲಸ ಮುಗಿಸುತ್ತದೆ. ಗದ್ದದಡಿ ಮತ್ತು ಕಿವಿಯ ಹಾಲೆಯ ಹಿಂದೆ ಕೆಲವೇ ಮಿಲಿಮೀಟರಿನ ರಂಧ್ರ, ಎರಡು ಮೂರು ಮಿಲಿಮೀಟರ್ ದಪ್ಪದ ಕೊಳವೆ, ಆಮೇಲೆ ವಾರದ ಮಟ್ಟಿಗೆ ಹಗಲೂ ರಾತ್ರಿ ಗದ್ದದ ಪಟ್ಟಿ, ನಂತರ ಕೆಲವು ವಾರ ರಾತ್ರಿ ಮಾತ್ರ. ಚರ್ಮಕ್ಕಂಟಿದ ಕೊನೆಯ ತೆಳು ಪದರವನ್ನೂ ಬಿಡದೆ ಎಳೆದರೆ ಚರ್ಮ ಸ್ನಾಯುವಿಗೆ ಅಂಟಿ ಗುಳಿ ಬೀಳುತ್ತದೆ. ಅದನ್ನು ಸರಿಪಡಿಸುವುದು ಬಲು ಕಷ್ಟ. ಎಷ್ಟು ಚಿಕ್ಕ ಜಾಗವಾದರೂ ಇದು ಶಸ್ತ್ರಚಿಕಿತ್ಸೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ದೇಹದ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಅರಿವಳಿಕೆ ತಜ್ಞರು ಯಾರು, ಹೆಚ್ಚುಕಮ್ಮಿಯಾದರೆ ಐಸಿಯು ಎಲ್ಲಿ ಎಂಬ ಪ್ರಶ್ನೆ ಕೇಳಲು ನಾಚಿಕೆ ಬೇಡ.

ಅಗಿಯುವ ಸ್ನಾಯುವಿಗೆ ಬೊಟಾಕ್ಸ್

ಬೊಟಾಕ್ಸ್ ಅಂದರೆ ಸ್ನಾಯುವನ್ನು ಕೆಲವು ತಿಂಗಳು ಸಡಿಲಿಸಿಡುವ ಚುಚ್ಚುಮದ್ದು. ಮೊದಲ ಸಲಕ್ಕೆ ಒಂದೊಂದು ಪಕ್ಕಕ್ಕೆ 20ರಿಂದ 30 ಯೂನಿಟ್ ರೂಢಿ. ಈ ಲೆಕ್ಕ ಬೊಟಾಕ್ಸ್‌ನದು. ಅದೇ ಬಗೆಯ ಇನ್ನೊಂದು ಬ್ರ್ಯಾಂಡ್ ಡಿಸ್‌ಪೋರ್ಟ್‌ನ ಯೂನಿಟ್ ಬೇರೆ, ಸುಮಾರು ಎರಡೂವರೆಯಿಂದ ಮೂರು ಪಟ್ಟು ಬೇಕು. ಹಾಗಾಗಿ "ಎಷ್ಟು ಯೂನಿಟ್" ಎನ್ನುವುದರ ಜೊತೆಗೆ "ಯಾವುದರದು" ಎಂದೂ ಕೇಳಬೇಕು. ಕಿವಿಯಿಂದ ಬಾಯಿಯ ಮೂಲೆಗೆ ಗೆರೆ ಎಳೆದು, ಅದರ ಕೆಳಗೆ, ಸ್ನಾಯುವಿನ ಮುಂದಿನ ಅಂಚಿನಿಂದ ಒಂದು ಸೆಂಟಿಮೀಟರ್ ಹಿಂದೆ, ಮೂರರಿಂದ ಐದು ಕಡೆ ಆಳಕ್ಕೆ ಚುಚ್ಚುತ್ತಾರೆ. ತೀರ ಮುಂದೆ ಹೋದರೆ ನಗು ಸೊಟ್ಟಗಾಗುತ್ತದೆ. ಮೇಲಿನ ಪದರ ಮಾತ್ರ ನಿದ್ದೆಹೋಗಿ ಒಳಗಿನದ್ದು ಎಚ್ಚರವಿದ್ದರೆ, ಅಥವಾ ಅದರ ತಿರುವುಮುರುವಾದರೆ, ಊಟ ಮಾಡುವಾಗ ಕೆನ್ನೆಯಲ್ಲಿ ಗೋಲಿಯಂತೆ ಉಬ್ಬು ಬರುತ್ತದೆ. ಎರಡು ವಾರ ಕಾದು ಒಂದಿಷ್ಟು ಮದ್ದು ಸೇರಿಸಿದರೆ ಸರಿಹೋಗುತ್ತದೆ.

ಎರಡು ವಾರದಲ್ಲಿ ಕಡಿತದ ಬಲ ಇಳಿಯುತ್ತದೆ. ಚಕ್ಕುಲಿ, ಕೋಡುಬಳೆ ಕೆಲವು ವಾರ ಕಷ್ಟವೇ. ಮುಖದ ಅಗಲ ಇಳಿಯಲು ಎರಡು ಮೂರು ತಿಂಗಳು, ಫಲ ನಿಲ್ಲುವುದು ನಾಲ್ಕರಿಂದ ಆರು ತಿಂಗಳು. ತಿಂಗಳೊಳಗೆ ಏನೂ ಆಗಲಿಲ್ಲವೆಂದು ಇನ್ನೊಂದು ಡೋಸ್ ಹಾಕಿಸಿಕೊಳ್ಳುವುದು ಆತುರ. ನಲವತ್ತು ದಾಟಿ ಚರ್ಮ ಸಡಿಲವಾಗಿರುವವರು ಯೋಚಿಸಬೇಕು: ಒಳಗಿನ ಸ್ನಾಯು ಕರಗಿದರೆ ಮೇಲಿನದ್ದಕ್ಕೆ ಆಧಾರ ತಪ್ಪಿ ಕೆನ್ನೆ ಜೋಲುತ್ತದೆ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಮಯಸ್ತೀನಿಯಾ ಗ್ರೇವಿಸ್ (ಸ್ನಾಯುಗಳು ಸೋಲುವ ಕಾಯಿಲೆ) ಇರುವವರಿಗೆ ಇದು ಬೇಡ. ಕತ್ತಿನ ಉದ್ದನೆಯ ನಾರುಗಳಿಗೂ ಬೊಟಾಕ್ಸ್ ಹಾಕುತ್ತಾರೆ. ಡೋಸ್ ಮೀರಿದರೆ ನುಂಗಲು ತೊಡಕಾಗುತ್ತದೆ.

ದವಡೆ ಗಟ್ಟಿ ಮಾಡುವ ರಬ್ಬರ್ ಉಂಡೆ, ಗಟ್ಟಿ ಚೂಯಿಂಗ್ ಗಮ್ ಮಾಡುವುದು ಇದಕ್ಕೆ ತದ್ವಿರುದ್ಧ: ಇದೇ ಸ್ನಾಯುವನ್ನು ದಪ್ಪಗೆ ಮಾಡಿ, ಕಿವಿಯ ಮುಂದಿನ ಕೀಲಿಗೆ ನೋವು ತರುತ್ತವೆ.

ಮೂಳೆಯ ಕೊರತೆಗೆ ಫಿಲ್ಲರ್ ಅಥವಾ ಇಂಪ್ಲಾಂಟ್

ಕೊರತೆ ಕೆಲವೇ ಮಿಲಿಮೀಟರ್ ಇದ್ದರೆ ಹೈಯಲುರಾನಿಕ್ ಆಮ್ಲದ ಫಿಲ್ಲರ್, ಅಂದರೆ ಸೂಜಿಯಿಂದ ತುಂಬುವ ಜೆಲ್. ತುಟಿಗೆ ಹಾಕುವ ಮೆತ್ತನೆಯದ್ದು ಇಲ್ಲಿ ನಿಲ್ಲುವುದಿಲ್ಲ; ಆಕಾರ ಹಿಡಿದಿಡುವ ಗಟ್ಟಿ ಜೆಲ್ ಬೇಕು. ಗದ್ದಕ್ಕೆ 1ರಿಂದ 2 ಮಿಲಿ, ದವಡೆಯ ಎರಡೂ ಪಕ್ಕ ಸೇರಿ 2ರಿಂದ 4 ಮಿಲಿ, ಬಾಳಿಕೆ ಸುಮಾರು ಒಂದರಿಂದ ಒಂದೂವರೆ ವರ್ಷ. ಗದ್ದಕ್ಕೂ ದವಡೆಯ ಮೂಲೆಗೂ ಮೂಳೆಯ ಮೇಲೆ ಚಿಕ್ಕ ಚಿಕ್ಕ ಉಂಡೆಗಳಾಗಿ, ನಡುವಿನ ಅಂಚಿಗೆ ಮೊಂಡು ತುದಿಯ ಕೊಳವೆಯಿಂದ ಚರ್ಮದಡಿ ಹಾಕುವುದು ಸಾಮಾನ್ಯ ಕ್ರಮ. ಒಂದೇ ಸಲ ಪೂರ್ತಿ ತುಂಬಿಸಬೇಡಿ. ಅರ್ಧ ಹಾಕಿಸಿ, ಎರಡು ಮೂರು ವಾರ ಕಾದು, ಊತ ಇಳಿದ ಮೇಲೆ ಉಳಿದದ್ದು. ಎರಡು ಗದ್ದ ಇರುವವರಿಗೆ ಬರೀ ಫಿಲ್ಲರ್ ತುಂಬಿದರೆ ಮುಖ ಇನ್ನಷ್ಟು ಭಾರವಾಗುತ್ತದೆ.

ಅಪಾಯ ರಕ್ತನಾಳದ್ದು. ಹಲ್ಲು ಕಚ್ಚಿ, ಅಗಿಯುವ ಸ್ನಾಯುವಿನ ಮುಂದಿನ ಅಂಚಿಗೆ ತಾಗಿ ದವಡೆಯ ಕೆಳಅಂಚನ್ನು ಒತ್ತಿದರೆ ನಾಡಿ ಬಡಿಯುವುದು ತಿಳಿಯುತ್ತದೆ. ಮುಖದ ಅಪಧಮನಿ ಮೂಳೆಯನ್ನು ದಾಟುವುದು ಅಲ್ಲೇ. ಅದರೊಳಗೆ ಜೆಲ್ ಹೋದರೆ ಚರ್ಮ ಬಿಳಿಚಿಕೊಳ್ಳುತ್ತದೆ, ಬಲೆಯಂಥ ನೇರಳೆ ಗೆರೆ ಮೂಡುತ್ತದೆ, ನೋವು ಇರಬೇಕಾದ್ದಕ್ಕಿಂತ ಹೆಚ್ಚಿರುತ್ತದೆ. ನೋವಿಲ್ಲದೆಯೂ ಆಗಬಹುದು, ಯಾಕೆಂದರೆ ಜೆಲ್‌ನಲ್ಲೇ ಮರಗಟ್ಟಿಸುವ ಮದ್ದು ಬೆರೆತಿರುತ್ತದೆ. ಕಣ್ಣು ಮಂಜಾದರೆ ನಿಮಿಷಗಳ ಲೆಕ್ಕ. ಈ ಜೆಲ್ ಕರಗಿಸುವ ಹೈಯಲುರಾನಿಡೇಸ್ ಕ್ಲಿನಿಕ್ಕಿನ ಕಪಾಟಿನಲ್ಲಿ ಇದೆಯೇ ಎಂದು ಸೂಜಿಗೆ ಮುಂಚೆ ಕೇಳಿ. 1500 ಯೂನಿಟ್‌ನ ಒಂದು ಬಾಟಲಿ ಸಾಲದೆ ಹೋಗಬಹುದು, ಹಲವು ಇರಬೇಕು. "ಬೇಕಾದರೆ ತರಿಸುತ್ತೇವೆ" ಎಂದರೆ ಎದ್ದುಬನ್ನಿ. ಕ್ಯಾಲ್ಸಿಯಂ ಇರುವ ಫಿಲ್ಲರನ್ನು ಇದು ಕರಗಿಸುವುದಿಲ್ಲ, ಮೊದಲ ಸಲದವರಿಗೆ ಅದು ಬೇಡ.

ಫಿಲ್ಲರಿಗೆ ಎರಡು ವಾರ ಹಿಂದೆ ಮುಂದೆ ಹಲ್ಲಿನ ಕೆಲಸ ಮಾಡಿಸಬೇಡಿ, ಸೋಂಕು ಸೇರುವ ದಾರಿ ಅದು. ಮೀನೆಣ್ಣೆ, ವಿಟಮಿನ್ ಇ ಮಾತ್ರೆ ವಾರ ಮುಂಚೆ ನಿಲ್ಲಿಸಿದರೆ ನೀಲಿಗಟ್ಟುವುದು ಕಡಿಮೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಕೊರತೆ ಹೆಚ್ಚಿದ್ದರೆ ವರ್ಷವರ್ಷವೂ ಫಿಲ್ಲರಿಗೆ ಸುರಿಯುವುದಕ್ಕಿಂತ ಮೂಳೆಯ ಮೇಲೆ ಕೂರಿಸುವ ಸಿಲಿಕೋನ್ ತುಂಡು, ಅಂದರೆ ಇಂಪ್ಲಾಂಟ್ ಮೇಲು. ಗದ್ದ ಗಿಡ್ಡವೂ ಆಗಿದ್ದರೆ, ವಾರೆಯೂ ಆಗಿದ್ದರೆ ಗದ್ದದ ಮೂಳೆಯನ್ನೇ ಕತ್ತರಿಸಿ ಮುಂದೆ ಸರಿಸಿ ಟೈಟಾನಿಯಂ ಪಟ್ಟಿ ಕೂರಿಸುವ ಜೀನಿಯೊಪ್ಲಾಸ್ಟಿ. ಇಂಪ್ಲಾಂಟ್ ಜರುಗಬಹುದು, ಸೋಂಕಾದರೆ ತೆಗೆಯಬೇಕಾಗುತ್ತದೆ. ಮೂಳೆ ಸರಿಸಿದರೆ ಕೆಳತುಟಿಯ ಮರಗಟ್ಟುವಿಕೆ ತಿಂಗಳುಗಟ್ಟಲೆ, ಕೆಲವರಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಚರ್ಮ ಜೋತಿದ್ದರೆ

ಹೈಫು ಯಂತ್ರ ಶಬ್ದತರಂಗದಿಂದ ಚರ್ಮದಡಿ 1.5, 3 ಮತ್ತು 4.5 ಮಿಲಿಮೀಟರ್ ಆಳದಲ್ಲಿ ಸುಟ್ಟ ಚುಕ್ಕಿ ಇಡುತ್ತದೆ. ಅದು ಮಾಯುತ್ತ ಎರಡು ಮೂರು ತಿಂಗಳಲ್ಲಿ ಬಿಗಿಯುತ್ತದೆ. ಸಡಿಲಿಕೆ ಆರಂಭದಲ್ಲಿದ್ದರೆ ಪರವಾಗಿಲ್ಲ, ಮಡಿಕೆ ಬಿದ್ದ ಮೇಲೆ ದಂಡ. ತೆಳ್ಳಗಿನ ಮುಖದವರಿಗೆ ಇರುವ ಕೊಬ್ಬೂ ಕರಗಿ ಕೆನ್ನೆ ಗುಳಿಬೀಳುತ್ತದೆ. ದಾರ ಹಾಕಿ ಎತ್ತುವುದರ ಫಲ ತಿಂಗಳುಗಳದ್ದು. ದಾರವೇ ಸುಮಾರು ಆರು ತಿಂಗಳಲ್ಲಿ ಕರಗುತ್ತದೆ. ಚರ್ಮ ನಿಜವಾಗಿ ಹೆಚ್ಚಿದ್ದರೆ ಕತ್ತು ಮತ್ತು ಮುಖದ ಲಿಫ್ಟ್ ಶಸ್ತ್ರಚಿಕಿತ್ಸೆಯೇ ಉತ್ತರ. ಮೊದಲ 24 ಗಂಟೆಯಲ್ಲಿ ಚರ್ಮದಡಿ ರಕ್ತ ತುಂಬುವುದು ದೊಡ್ಡ ಭಯ, ಅದಕ್ಕೇ ಬಿಪಿ ಹಿಡಿತದಲ್ಲಿರಬೇಕು. ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡದಿದ್ದರೆ ಕಿವಿಯ ಹಿಂದಿನ ಚರ್ಮ ಕೊಳೆಯಬಹುದು. ಗಾಯ ಗಂಟುಗಟ್ಟುವ ಸ್ವಭಾವದ ಚರ್ಮವಿದ್ದರೆ ಮೊದಲೇ ಹೇಳಿ.

ಸೂಜಿಯಿಲ್ಲದ ದಾರಿ

ಗಡ್ಡ ಬಿಡುವವರು ಗಂಟಲಮಣಿಯಿಂದ ಎರಡು ಬೆರಳು ಮೇಲೆ ಅಂಚು ತೆಗೆಸಿ. ದವಡೆಯ ಮೂಳೆಯ ಗುಂಟವೇ ಬೋಳಿಸಿದರೆ ಗದ್ದದಡಿಯ ಕೊಬ್ಬು ಬಯಲಾಗುತ್ತದೆ. ಕೆನ್ನೆಯ ಪಕ್ಕ ಗಿಡ್ಡ, ಗದ್ದದಲ್ಲಿ ತುಸು ಉದ್ದ. ಮೇಕಪ್ಪಿನಲ್ಲಿ ಹೊಳಪಿಲ್ಲದ, ಮೈಬಣ್ಣಕ್ಕಿಂತ ಎರಡು ಛಾಯೆ ಗಾಢವಾದ ಬಣ್ಣವನ್ನು ಮೂಳೆಯ ಮೇಲಲ್ಲ, ಕೆಳಗೆ ಹಚ್ಚಿ ಕತ್ತಿನತ್ತ ಬೆರೆಸಿ. ಕೆಂಪು ಛಾಯೆಯದು ನೆರಳಿನಂತೆ ಕಾಣುವುದಿಲ್ಲ, ಬೂದು ಬೆರೆತ ಕಂದು ಹುಡುಕಿ.

ಹಣ ಕೊಡುವ ಮುನ್ನ

ಚುಚ್ಚುಮದ್ದಿಗೆ ಚರ್ಮತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್, ಮೂಳೆಯ ಕೆಲಸಕ್ಕೆ ದವಡೆ ಶಸ್ತ್ರಚಿಕಿತ್ಸೆ ಬಲ್ಲ ಮ್ಯಾಕ್ಸಿಲೊಫೇಶಿಯಲ್ ಸರ್ಜನ್ ಅಥವಾ ಪ್ಲಾಸ್ಟಿಕ್ ಸರ್ಜನ್. ವೈದ್ಯರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಡಬಹುದು. ಖಾಸಗಿ ಕ್ಲಿನಿಕ್ಕಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಇರಲೇಬೇಕು, ಪ್ರಮಾಣಪತ್ರ ಕೇಳಿ. ಅಂದಕ್ಕೆಂದು ಮಾಡಿಸಿದ್ದಕ್ಕೆ ಇನ್ಶೂರೆನ್ಸ್ ಬರುವುದಿಲ್ಲ, ಮೇಲೆ ಜಿಎಸ್‌ಟಿ ಬೀಳುತ್ತದೆ. ಬಿಲ್ಲಿನ ಪೂರ್ತಿ ಮೊತ್ತ ಬರೆಸಿಕೊಳ್ಳಿ. ಸಿರಿಂಜ್ ಅಥವಾ ಬಾಟಲಿಯನ್ನು ನಿಮ್ಮೆದುರೇ ತೆರೆಯಿಸಿ, ಬ್ಯಾಚ್ ಸಂಖ್ಯೆಯ ಚೀಟಿ ಪಡೆದು ಫೋಟೊ ತೆಗೆದಿಡಿ. ರಾತ್ರಿ ಹತ್ತಕ್ಕೆ ಊತ ಹೆಚ್ಚಾದರೆ ಕರೆಯಬೇಕಾದ ವೈದ್ಯರ ನಂಬರನ್ನು, ರಿಸೆಪ್ಷನ್‌ನದ್ದಲ್ಲ, ಕುರ್ಚಿಯಲ್ಲಿ ಕೂರುವ ಮೊದಲೇ ಫೋನಿಗೆ ಹಾಕಿಕೊಳ್ಳಿ.