ಕಾಲುವೆ ದಂಡೆಯ ಫೈಬರ್: ಒಂದು ಹಾಲಿನ ಡೇರಿ, 60 ತೋಟದ ಮನೆ, ಕಬ್ಬಿನ ಬಿಲ್ಲು

"ಏ ತಮ್ಮಾ, ತ್ವಾಟದ ಮನಿಗೆ ಫೈಬರ್ ಎಳದ್ರ ನಿನ್ನ ಮನಿ ಮಾರಬೇಕಾಕ್ಕೈತಿ ನೋಡ" ಅಂತ ಜಮಖಂಡಿ ಕಡೆಯ ಒಬ್ಬ ಹಿರಿಯ ಕೇಬಲ್ ಆಪರೇಟರ್ ನನಗೆ ಹೇಳಿದ್ದರು. 2021ರ ಮಾತು, ಆಗ ನಾನು ಊರಿಗೆ ಫೈಬರ್ ಇಂಟರ್ನೆಟ್ (ಗಾಜಿನ ಎಳೆಯ ಕೇಬಲ್ಲಲ್ಲಿ ಬೆಳಕಿನ ರೂಪದಲ್ಲಿ ಬರುವ ನೆಟ್) ಕೊಡೋಕೆ ಹೊರಟಿದ್ದೆ. ಮನೆ ಮಾರಲಿಲ್ಲ. ಆದರೆ ಹೆಂಡತಿಯ ಬಂಗಾರ ಬ್ಯಾಂಕಿಗೆ ಹೋಗಿ ಎರಡು ವರ್ಷಕ್ಕಿಂತ ಜಾಸ್ತಿ ಅಲ್ಲೇ ಕೂತಿತ್ತು. ಈಗ ಅದು ವಾಪಸ್ ಬಂದಿದೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಾನು ಬಾಗಲಕೋಟೆ ಜಿಲ್ಲೆ ಬೀಳಗಿ ಕಡೆಯವನು. ಹದಿನೈದು ವರ್ಷ ಕೇಬಲ್ ಟಿವಿ ನಡೆಸಿದೆ. ಸೆಟ್ ಟಾಪ್ ಬಾಕ್ಸ್ ಬಂದಾಗ ಅರ್ಧ ಸತ್ತೆ, ಮೊಬೈಲ್ ಡೇಟಾ ಅಗ್ಗ ಆದಾಗ ಉಳಿದರ್ಧ. ಕೈಯಲ್ಲಿ ಉಳಿದದ್ದು ಏಣಿ, ಒಂದಿಷ್ಟು ಕಂಬ, ಊರಿನವರ ಪರಿಚಯ. ಕಡೆಯದೇ ದೊಡ್ಡ ಬಂಡವಾಳ ಅಂತ ಆಗ ಗೊತ್ತಿರಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ದಿಲ್ಲಿಯಲ್ಲಿ ಭಾರತ್‌ನೆಟ್ (ಹಳ್ಳಿಹಳ್ಳಿಗೆ ಇಂಟರ್ನೆಟ್ ಮುಟ್ಟಿಸುವ ಕೇಂದ್ರದ ಯೋಜನೆ) ಕೆಲಸವನ್ನು ಸರ್ಕಾರ ಮತ್ತು ಖಾಸಗಿಯವರು ಸೇರಿ ಮಾಡುವ ಯೋಜನೆಗೆ ಒಪ್ಪಿಗೆ ಸಿಕ್ಕಿತ್ತು. 16 ರಾಜ್ಯ, ಅದರಲ್ಲಿ ನಮ್ಮ ಕರ್ನಾಟಕವೂ ಇತ್ತು. ಸರ್ಕಾರ ಕೊಡುವ ಪಾಲು 19,041 ಕೋಟಿ. ಒಂಬತ್ತು ಪ್ಯಾಕೇಜು, ಒಂದೊಂದಕ್ಕೂ 30 ವರ್ಷದ ಕರಾರು. ಪೇಪರ್ ಓದಿ ನನಗೆ ನಗು ಬಂತು. ಇಡೀ ರಾಜ್ಯದ ಹಳ್ಳಿ ಹಿಡಿಯುವ ದೊಡ್ಡವನಿಗೆ ನಮ್ಮ ಊರ ಕಾಲುವೆ ದಂಡೆಯ ಮನೆ ಕಾಣುತ್ತಾ? ಆ ಟೆಂಡರ್ ಮುಂದೆ ಸಾಗಲೇ ಇಲ್ಲ. 2023ರ ಆಗಸ್ಟ್‌ನಲ್ಲಿ ಯೋಜನೆಯನ್ನು ತಿದ್ದಿ 1,39,579 ಕೋಟಿಯದ್ದು ಮಾಡಿದರು. ಮನೆಮನೆಗೆ ಮುಟ್ಟಿಸುವ ಕೆಲಸ ಊರಿನ ಹುಡುಗರಿಗೆ, ಬಂದ ದುಡ್ಡಲ್ಲಿ ಅರ್ಧ ಪಾಲು ಅವರಿಗೆ ಅನ್ನೋದು ಅದರಲ್ಲಿ ಸೇರಿತು. ಅಷ್ಟರಲ್ಲಿ ನಾನು ಅದೇ ಲೆಕ್ಕದಲ್ಲಿ ಎರಡು ವರ್ಷ ಮಣ್ಣು ತಿಂದಿದ್ದೆ.

ನನ್ನ ಒಪ್ಪಂದ ಸರಳ. ಮೇಲಿನ ಕಂಪನಿ ಪಂಚಾಯ್ತಿವರೆಗೆ ಬೆಳಕು ತಂದು ಕೊಡುತ್ತೆ. ಅಲ್ಲಿಂದ ಮುಂದಿನ ಕೇಬಲ್, ಓಎಲ್‌ಟಿ (ಮನೆಗಳಿಗೆ ಬೆಳಕು ಕಳಿಸುವ ಮುಖ್ಯ ಯಂತ್ರ), ಮನೆಯ ಡಬ್ಬಿ (ಮೋಡೆಮ್), ವಸೂಲಿ, ಬೈಗುಳ ಎಲ್ಲಾ ನನ್ನದು. ಜಿಎಸ್‌ಟಿ ತೆಗೆದು ಉಳಿದದ್ದರಲ್ಲಿ ಅರ್ಧ ನನಗೆ. ಯಾವ ಕಂಪನಿ ಅಂತ ಹೇಳೋದಿಲ್ಲ. ಇನ್ನೂ ಅವರ ಜೊತೆ ಬಾಳಬೇಕಲ್ವಾ?

ಮೊದಲ ಪೆಟ್ಟು ಕೀಲಿಯಿಂದ ಬಿತ್ತು. ಓಎಲ್‌ಟಿಯನ್ನು ಪಂಚಾಯ್ತಿ ಕಟ್ಟಡದ ಮೂಲೆ ಕೋಣೆಯಲ್ಲಿ ಇಟ್ಟಿದ್ದೆ. ಸಂಜೆ ಐದಕ್ಕೆ ಬೀಗ. ಭಾನುವಾರ ಬೀಗ, ಹಬ್ಬಕ್ಕೆ ಬೀಗ. ಐಪಿಎಲ್ ಮ್ಯಾಚ್ ಶುರುವಾಗೋ ಹೊತ್ತಿಗೆ ಕರೆಂಟ್ ಹೋಗಿ ಬ್ಯಾಟರಿ ಕೂತರೆ, ಕೀಲಿ ಇಟ್ಟುಕೊಂಡವರು ಮುಧೋಳದಲ್ಲಿ ಯಾವುದೋ ಮದುವೆಯಲ್ಲಿ. ಒಂದು ಸಲ ಮೂರು ದಿನ ಹಾಗೇ ಹೋಯ್ತು. 70 ಗಿರಾಕಿ ಇದ್ದರು, 22 ಜನ ಬಿಟ್ಟರು.

ಊರಲ್ಲಿ ದಿನಕ್ಕೆ ಎರಡು ಸಲ, ವರ್ಷದ 365 ದಿನವೂ ಬಾಗಿಲು ತೆಗೆಯುವ ಜಾಗ ಒಂದೇ. ಹಾಲಿನ ಡೇರಿ. ಬೆಳಿಗ್ಗೆ ಐದೂವರೆಗೆ ತೆಗೆಯುತ್ತೆ, ಸಂಜೆ ಮತ್ತೆ. ಹಾಲಿನ ಡಿಗ್ರಿ ನೋಡುವ ಮಷೀನಿಗೆ ಕರೆಂಟ್ ಬೇಕೇ ಬೇಕು, ಹಾಗಾಗಿ ಅವರ ಹತ್ತಿರ ಇನ್ವರ್ಟರ್ ಇದ್ದೇ ಇರುತ್ತೆ. ಪಂಚಾಯ್ತಿಯಿಂದ ಡೇರಿಗೆ 400 ಮೀಟರ್ ಕೇಬಲ್ ಎಳೆದು ಓಎಲ್‌ಟಿ ಅಲ್ಲಿಗೆ ಸಾಗಿಸಿದೆ. ಬಾಡಿಗೆ ತಿಂಗಳಿಗೆ ಸಾವಿರ, ಜೊತೆಗೆ ಪುಕ್ಕಟೆ ನೆಟ್. ಪಂಚಾಯ್ತಿಯಲ್ಲಿ ಈಗ ಉಳಿದದ್ದು ಮೇಲಿನವರ ಡಬ್ಬಿ ಮತ್ತು ನಾನು ಹಾಕಿದ ಒಂದು ದೊಡ್ಡ ಬ್ಯಾಟರಿ. ಕಂಪನಿಯ ಎಂಜಿನಿಯರ್ ಬಂದು ನೋಡಿ, "ಇದು ನಮ್ಮ ನಕ್ಷೆದಾಗ ಇಲ್ಲಲ್ರಿ" ಅಂದರು. "ನಕ್ಷೆದಾಗ ಕರೆಂಟ್ ಹೋಗಂಗಿಲ್ರಿ ಸರ್" ಅಂದೆ. ಚಹಾ ಕುಡಿದು ಸಹಿ ಮಾಡಿ ಹೋದರು.

ಊರೊಳಗಿನ ಕೆಲಸದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗಿ ನಾವೆಲ್ಲ ಪುನರ್ವಸತಿ ಕೇಂದ್ರಕ್ಕೆ ಬಂದವರು. ಓಣಿಗಳು ಗೆರೆ ಹೊಡೆದ ಹಾಗೆ ನೇರ. ಒಂದು ಕಡೆ 1:4 ಸ್ಪ್ಲಿಟರ್ (ಒಂದು ಬೆಳಕನ್ನು ನಾಲ್ಕಾಗಿ ಹಂಚುವಂಥದ್ದು), ಮುಂದೆ 1:8, ಮುಗೀತು. 180 ಮನೆ ಆರು ತಿಂಗಳಲ್ಲಿ ಆಯ್ತು. ಹಳೇ ಊರಿನ ಸಂದಿಗೊಂದಿ ಇದ್ದವರು ನನ್ನ ಮೇಲೆ ಹೊಟ್ಟೆಕಿಚ್ಚು ಪಡಬಹುದು.

ನಿಜವಾದ ಕಥೆ ತೋಟದ ಮನೆಗಳದ್ದು. ಕಾಲುವೆ ದಂಡೆಗೆ ಐದೂವರೆ ಕಿಲೋಮೀಟರ್ ಉದ್ದ, ಅಲ್ಲೊಂದು ಇಲ್ಲೊಂದು ಮನೆ. ದುಡ್ಡಿರೋದೂ ಅಲ್ಲೇ. ಸಿಸಿಟಿವಿ ಬೇಕು, ಮಕ್ಕಳ ಓದಿಗೆ ಬೇಕು, ಮೊಬೈಲ್ ಸಿಗ್ನಲ್ ಮಾತ್ರ ಕಬ್ಬು ಎದ್ದ ಮೇಲೆ ಇನ್ನೂ ಕಡಿಮೆ. ಪ್ರತಿ ಗುಂಪಿಗೆ ಬೇರೆ ಕೋರ್ (ಕೇಬಲ್ಲಿನೊಳಗಿನ ಗಾಜಿನ ಎಳೆ) ಕೊಟ್ಟರೆ 24 ಕೋರ್ ಕೇಬಲ್ಲು, ದಾರಿಯಲ್ಲಿ ಹತ್ತಾರು ಜಾಯಿಂಟು. ನನ್ನ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಒಂದೇ ಕೋರಿನಲ್ಲಿ ಸರಪಳಿ ಮಾಡೋಣ ಅಂತ 1:2 ಸ್ಪ್ಲಿಟರ್ ಹಾಕುತ್ತಾ ಹೋದೆ. ದಡ್ಡತನ. ಪ್ರತಿ ಬಾಕ್ಸಿಗೆ ಮೂರೂವರೆ ಡಿಬಿ (ಬೆಳಕಿನ ಬಲದ ಅಳತೆ) ಹೋಗುತ್ತೆ. ಐದನೇ ಬಾಕ್ಸ್‌ವರೆಗೆ ಹೇಗೋ ನಡೀತು. ಆರನೆಯದರಲ್ಲಿ ಮೀಟರ್ ಮೈನಸ್ 28 ತೋರಿಸಿತು. ಮೈನಸ್ ಅಂಕಿ ಹೆಚ್ಚಿದಷ್ಟೂ ಬೆಳಕು ಕಮ್ಮಿ. ಕೆಂಪು ದೀಪ ಮಿಣಿಮಿಣಿ. ಹಿಂದೆ ನಿಂತಿದ್ದ ಕಾಕಾ ಒಬ್ಬರು, "ದೀಪಾವಳಿ ಬಂತೇನಪಾ?" ಅಂದರು.

ಆಮೇಲೆ ಟ್ಯಾಪ್ ತರಿಸಿದೆ. 90:10, 80:20 ಇರುತ್ತಲ್ಲ, ಬೆಳಕನ್ನು ಸಮ ಹಂಚದೆ ಹೆಚ್ಚು ಪಾಲು ಮುಂದೆ ಕಳಿಸುವವು, ಅವು. ಕೇಬಲ್ ಟಿವಿಯಲ್ಲಿ ಟ್ಯಾಪ್ ಹಾಕಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. 90:10ರಲ್ಲಿ ಮುಂದೆ ಹೋಗುವ ಬೆಳಕಿಗೆ ಅರ್ಧ ಡಿಬಿ ಚಿಲ್ಲರೆ ಮಾತ್ರ ಲಾಸ್. ಪಕ್ಕಕ್ಕೆ ಹತ್ತೂವರೆ ಕಮ್ಮಿ ಬರುತ್ತೆ, ಅದರ ಕೆಳಗೆ 1:4 ಹಾಕಿದರೂ ಮನೆಯಲ್ಲಿ ಮೈನಸ್ 15-16 ಸಿಗುತ್ತೆ. ದಾರಿಯ ತುಂಬ ಹೀಗೆ ಟ್ಯಾಪ್, ಕೊನೆ ಕೊನೆಗೆ 80:20. ಕಡೆಯ ಮನೆಯಲ್ಲಿ ಮೈನಸ್ 21. ಎಲ್ಲಿ 90 ಬಿಟ್ಟು 80ಕ್ಕೆ ಬರಬೇಕು, ಮುಂದೆ ಮನೆ ಸೇರಿದರೆ ಸರಪಳಿ ಕೆಡದ ಹಾಗೆ ಎಲ್ಲಿ ಜಾಗ ಬಿಡಬೇಕು ಅನ್ನೋ ನನ್ನ ಲೆಕ್ಕ ಒಂದು ಹಳೇ ಡೈರಿಯಲ್ಲಿದೆ. ಅದು ಡೈರಿಯಲ್ಲೇ ಇರಲಿ. ಜಮಖಂಡಿಯ ಅಣ್ಣಾವರು ಮೂರು ಸಲ ಕೇಳಿದ್ದಾರೆ.

ಒಂದನ್ನು ಮಾತ್ರ ಹೇಳುತ್ತೇನೆ. ಒಂದು ಬಾಕ್ಸಿನ ಮನೆಗಳೆಲ್ಲ ನಾಲ್ಕು ಡಿಬಿ ಕಮ್ಮಿ ತೋರಿಸುತ್ತಿದ್ದವು. ಎರಡು ದಿನ ಜಾಯಿಂಟ್ ಬಿಚ್ಚಿ ಬಿಚ್ಚಿ ಮಾಡಿದೆ. ಕಡೆಗೆ ನೋಡಿದರೆ ನನ್ನ ಹುಡುಗ ಹಸಿರು ಕನೆಕ್ಟರನ್ನು ನೀಲಿ ಅಡಾಪ್ಟರಿಗೆ ತುರುಕಿದ್ದ. ಎರಡರ ತುದಿಯ ಕೋನ ಬೇರೆ, ಸರಿಯಾಗಿ ಕೂಡೋದಿಲ್ಲ. ಈಗ ನನ್ನ ಚೀಲದಲ್ಲಿ ನೀಲಿ ಅನ್ನೋದೇ ಇಲ್ಲ.

2022ರ ನವೆಂಬರ್‌ನಲ್ಲಿ ಸಕ್ಕರೆ ಕಾರ್ಖಾನೆ ಶುರುವಾದವು, ನನ್ನ ಗ್ರಹಚಾರವೂ ಶುರುವಾಯ್ತು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಬಂದರೆ ಎತ್ತರ ಎಷ್ಟಿರುತ್ತೆ ನಿಮಗೆ ಗೊತ್ತೇ ಇದೆ. ರಸ್ತೆ ದಾಟುವ ಕಡೆ ನನ್ನ ಕೇಬಲ್ 15 ಅಡಿ ಎತ್ತರ ಇತ್ತು. ಮೊದಲ ವಾರದಲ್ಲೇ ನಾಲ್ಕು ಕಡೆ ಹರಿಯಿತು. ಒಂದು ಕಡೆ ಕಂಬ ಸಮೇತ ಎಳೆದುಕೊಂಡು ಹೋಗಿ, ಕಾರ್ಖಾನೆ ಯಾರ್ಡಿನಲ್ಲಿ ಕೇಬಲ್ ಸಿಕ್ಕಿತು. ಹಳೇ ಬೋರಿನ ಕೇಸಿಂಗ್ ಪೈಪ್ ತಂದು 22 ಅಡಿಗೆ ಏರಿಸಿದೆ. ಎರಡು ಕಡೆ ಕಾಲುವೆ ಅಡಿಯ ಸಿಮೆಂಟ್ ಪೈಪಿನೊಳಗಿಂದ ತೂರಿಸಿದೆ.

ಅದು ಮುಗೀತು ಅನ್ನೋವಾಗ ಬೆಂಕಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ, ಅಂದರೆ ಕಬ್ಬಿನ ಒಣ ಗರಿ, ಸುಡುತ್ತಾರೆ. ಒಂದು ಸಂಜೆ 300 ಮೀಟರ್ ಕೇಬಲ್ ಕರಗಿ ನೆಲಕ್ಕೆ ತೊಟ್ಟಿಕ್ಕಿತು. 40 ಮನೆ ಬಂದ್. ಹೊಲದ ಮಾಲೀಕರನ್ನು ಕೇಳಿದರೆ, "ನನ್ನ ಹೊಲಾ, ನನ್ನ ರವದಿ" ಅಂದರು. ಜಗಳ ಮಾಡಿ ಪ್ರಯೋಜನ ಇಲ್ಲ, ಅವರೂ ನನ್ನ ಗಿರಾಕಿಯೇ. ಮರುವರ್ಷ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮರನ್ನು (ಮುಖಂಡರನ್ನು) ಹಿಡಿದೆ. ಯಾವ ಹೊಲ ಯಾವ ದಿನ ಕಡಿಯುತ್ತಾರೆ ಅಂತ ಅವರಿಗೇ ಮೊದಲು ಗೊತ್ತಾಗೋದು. ಗ್ಯಾಂಗಿನ ಗುಡಿಸಲಿಗೆ ಸೀಸನ್ ಮುಗಿಯೋವರೆಗೆ ಪುಕ್ಕಟೆ ವೈಫೈ ಕೊಟ್ಟೆ. ಅವರು ಊರಲ್ಲಿ ಬಿಟ್ಟು ಬಂದ ಮಕ್ಕಳ ಜೊತೆ ರಾತ್ರಿ ವಿಡಿಯೋ ಕಾಲ್ ಮಾಡುತ್ತಾರೆ. ಬೆಂಕಿ ಹಚ್ಚುವ ಮೊದಲು ನನಗೆ ಫೋನ್ ಬರುತ್ತೆ. ಕಂಬದ ಕೆಳಗಿನ ರವದಿ ಸರಿಸಿ ನಾಲ್ಕು ಕೊಡ ನೀರು ಚೆಲ್ಲುವುದು ನನ್ನ ಹುಡುಗನ ಕೆಲಸ. ಆಮೇಲೆ ಒಂದು ಮೀಟರ್ ಕೂಡ ಸುಟ್ಟಿಲ್ಲ.

ನೆಲದೊಳಗೆ ಹಾಕಬಾರದಿತ್ತಾ ಅಂತ ಕೇಳುವವರಿಗೆ: ಹಾಕಿ ನೋಡಿದ್ದೇನೆ. ಎರಿ ಭೂಮಿ, ಕಪ್ಪು ಮಣ್ಣು. ಎರಡಡಿ ಆಳದಲ್ಲಿ 600 ಮೀಟರ್ ಹೂತಿದ್ದೆ. ಮೇ ತಿಂಗಳಲ್ಲಿ ನೆಲ ಕೈ ತೂರುವಷ್ಟು ಬಿರಿಯಿತು, ಜಾಯಿಂಟ್ ಎಳೆದು ಬಿಟ್ಟಿತು. ಭಾರತ್‌ನೆಟ್‌ನವರು 1.65 ಮೀಟರ್ ಆಳ ಅಂತ ನಿಯಮ ಮಾಡಿದ್ದು ಸುಮ್ನೆ ಅಲ್ಲ. ಅಷ್ಟು ಅಗೆಯಲು ನನ್ನ ಹತ್ತಿರ ಜೆಸಿಬಿಯ ದುಡ್ಡಿಲ್ಲ. ಹಾಗೆ ನೋಡಿದರೆ ಹೂತ ಕೇಬಲ್ಲಿಗೆ ದೊಡ್ಡ ವೈರಿ ಜೆಸಿಬಿಯೇ. ನೀರಿನ ಪೈಪ್‌ಲೈನ್ ಅಗೆಯುವವರು ಒಂದೇ ತಿಂಗಳಲ್ಲಿ ಮೂರು ಸಲ ಕಡಿದರು. ಅಗೆಯುವ ಮುಂಚೆ ಕೇಬಲ್ ಮಾಲೀಕರಿಗೆ ತಿಳಿಸೋಕೆ ಅಂತಲೇ 2023ರ ಮಾರ್ಚ್‌ನಲ್ಲಿ ಸರ್ಕಾರ ಒಂದು ಆ್ಯಪ್ ತಂದಿದೆ. ನಮ್ಮ ಕಡೆ ಜೆಸಿಬಿ ಡ್ರೈವರಿನ ನಂಬರ್ ಇಟ್ಟುಕೊಳ್ಳುವುದೇ ಆ್ಯಪ್.

ಮಧ್ಯೆ ಕೆಲವು ಹುಚ್ಚು ಪ್ರಯೋಗಗಳೂ ಆದವು. ಹಳೇ ಡ್ರಿಪ್ ಪೈಪಿನೊಳಗೆ ಡ್ರಾಪ್ ಕೇಬಲ್ (ಬಾಕ್ಸಿನಿಂದ ಮನೆಗೆ ಹೋಗುವ ಸಣ್ಣ ಕೇಬಲ್) ಹಾಕಿ ನೆಲದ ಮೇಲೆ ಬಿಟ್ಟೆ. ಇಲಿ ಪೈಪನ್ನೂ ತಿಂದವು, ಕೇಬಲ್ಲನ್ನೂ ತಿಂದವು. ಹಿನ್ನೀರಿನ ಆಚೆ ದಂಡೆಯ ಎಂಟು ಮನೆಗೆ ರೇಡಿಯೋ ಲಿಂಕ್ ಹಾಕಿದೆ. ಬೇಸಿಗೆಯಲ್ಲಿ ಬೆಣ್ಣೆಯ ಹಾಗೆ ನಡೀತು. ಆಗಸ್ಟ್‌ನಲ್ಲಿ ಆಲಮಟ್ಟಿ 519.60 ಮೀಟರ್‌ಗೆ ತುಂಬಿದಾಗ ಸಿಗ್ನಲ್ ಕುಣಿಯೋಕೆ ಶುರು. ನೀರಿನ ಮೇಲಿಂದ ಪ್ರತಿಫಲಿಸಿ ಬರುವ ಅಲೆ ನೇರ ಬರುವ ಅಲೆಯನ್ನೇ ತಿನ್ನುತ್ತೆ. ನೀರು ಏರಿದಂತೆ ಆಟ ಬದಲಾಗುತ್ತೆ. ಡಿಶ್ಶನ್ನು ಮೇಲೆ ಕೆಳಗೆ ಮಾಡಿ ಸಾಕಾಗಿ ಕೈಬಿಟ್ಟೆ. 38 ಸಾವಿರ ಹೋಯ್ತು.

ಗೆದ್ದ ಪ್ರಯೋಗ ಒಂದೇ. ತೋಟದ ಮನೆಗಳಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತೆ. ನಮ್ಮ ಡಬ್ಬಿ ನಡೆಯೋದು 12 ವೋಲ್ಟಿನ ಮೇಲೆ. ಬೆನ್ನಿಗೆ ಕಟ್ಟಿ ಬೆಳೆಗೆ ಎಣ್ಣಿ (ಔಷಧ) ಹೊಡೆಯುವ ಬ್ಯಾಟರಿ ಪಂಪಿನೊಳಗೂ 12 ವೋಲ್ಟಿನದೇ, 8 ಆಂಪ್-ಅವರಿನ ಬ್ಯಾಟರಿ. ಅದು ಪ್ರತಿ ರೈತನ ಮನೆಯಲ್ಲಿದೆ, ವರ್ಷದಲ್ಲಿ 300 ದಿನ ಮೂಲೆಯಲ್ಲಿ ಬಿದ್ದಿರುತ್ತೆ. ಒಂದು ಪಿನ್ನು, ಒಂದು ಫ್ಯೂಸು ಹಾಕಿದರೆ ಎಂಟು ಹತ್ತು ತಾಸು ನೆಟ್ ನಡೆಯುತ್ತೆ. ನನ್ನ ಖರ್ಚು ಮನೆಗೆ 60 ರೂಪಾಯಿ.

ಇನ್ನು ದುಡ್ಡು. ಒಟ್ಟು ಹನ್ನೊಂದೂವರೆ, ಹನ್ನೆರಡು ಲಕ್ಷ ಸುರಿದಿದ್ದೇನೆ. ಕಂಬಕ್ಕೇ ಎರಡು ಚಿಲ್ಲರೆ, ಕೇಬಲ್ಲಿಗೆ ಎರಡು, ಮನೆ ಡಬ್ಬಿಗಳಿಗೆ ಎರಡೂವರೆ, ಓಎಲ್‌ಟಿ ಮತ್ತು ಸ್ಪ್ಲೈಸಿಂಗ್ (ಎಳೆ ಜೋಡಿಸುವ) ಮಷೀನಿಗೆ ಒಂದೂವರೆ. ಎರಡು ಲಕ್ಷಕ್ಕೂ ಜಾಸ್ತಿ ಬರೀ ತಪ್ಪುಗಳಿಗೆ ಹೋಯ್ತು. ಉಳಿದದ್ದು ಕೂಲಿ, ಡ್ರಾಪ್, ಡೀಸೆಲ್. ಬಂಗಾರದ ಮೇಲೆ ಮೂರು ಲಕ್ಷ ಸಾಲ.

ನಾನು ಮುಳುಗುವ ಹಂತಕ್ಕೆ ಬಂದದ್ದು ಬೆಂಕಿಯಿಂದ ಅಲ್ಲ, ತಿಂಗಳ ವಸೂಲಿಯಿಂದ. ತೋಟದ ಮನೆಗೆ ತಿಂಗಳಿಗೆ 400 ರೂಪಾಯಿ ಕೇಳೋಕೆ ಹೋದರೆ ಪೆಟ್ರೋಲೇ 60. "ಮುಂದಿನ ವಾರ ಬಾ" ಅಂತಾರೆ. ಕೊಡುವ ಮನಸ್ಸಿಲ್ಲ ಅಂತಲ್ಲ, ಅವರ ಕೈಗೆ ತಿಂಗಳ ದುಡ್ಡು ಅನ್ನೋದೇ ಬರೋದಿಲ್ಲ. ಬರೋದು ಕಬ್ಬಿನ ಬಿಲ್ಲು. ಕಬ್ಬು ಕಳಿಸಿದ 14 ದಿನದಲ್ಲಿ ಕೊಡಬೇಕು ಅಂತ ಕಾನೂನು, ಯಾವಾಗ ಬರುತ್ತೆ ಅನ್ನೋದು ಬೇರೆ ಮಾತು. ಆದರೆ ಬಂದಾಗ ಒಟ್ಟಿಗೆ ಬರುತ್ತೆ. 2023ರಲ್ಲಿ ತೋಟದವರಿಗೆ ತಿಂಗಳ ಲೆಕ್ಕ ನಿಲ್ಲಿಸಿದೆ. ಬಿಲ್ಲು ಬಂದ ವಾರ ವರ್ಷದ ದುಡ್ಡು, 11 ತಿಂಗಳದ್ದು ಕೊಟ್ಟರೆ 12 ತಿಂಗಳು. ಜೊತೆಯ ಆಪರೇಟರ್‌ಗಳು ನಕ್ಕರು. ಮೊದಲ ಸೀಸನ್ನಿನಲ್ಲೇ 60ರಲ್ಲಿ 52 ಮನೆ ಕೊಟ್ಟವು. ಆ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳು ತಿಂಗಳು ಮೇಲಿನ ಕಂಪನಿಗೆ ಕಟ್ಟುತ್ತೇನೆ. ಒಮ್ಮೆ ಅದಕ್ಕೆ ಕೈ ಹಾಕಿ, ಕಂಬ ತಂದು, ಜೂನ್‌ನಲ್ಲಿ ಕಟ್ಟೋಕೆ ದುಡ್ಡಿಲ್ಲದೆ ಅಳಿಯನ ಮುಂದೆ ಕೈ ಚಾಚಿದೆ. ಮತ್ತೆ ಹಾಗೆ ಮಾಡಿಲ್ಲ.

ಮೇಲಿಂದ ನನ್ನ ಪಾಲು ಬರೋದು ಒಮ್ಮೊಮ್ಮೆ ಮೂರು ತಿಂಗಳು ತಡ. ಅದಕ್ಕೆ ಔಷಧ ಸಿಕ್ಕಿಲ್ಲ. ಊರು, ತೋಟ ಸೇರಿ 240 ಮನೆ. ಹುಡುಗನ ಸಂಬಳ, ಬಾಡಿಗೆ, ರಿಪೇರಿ ತೆಗೆದು ತಿಂಗಳಿಗೆ ಇಪ್ಪತ್ತೈದು ಸಾವಿರದ ಆಸುಪಾಸು ಉಳಿಯುತ್ತೆ.

ಕಡೆಯದಾಗಿ ಮಾಡಿದ ಕೆಲಸ ಅಂದರೆ ರಿಂಗ್, ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಬೆಳಕು ಬರುವ ಸುತ್ತು ದಾರಿ. ಭಾರತ್‌ನೆಟ್‌ನ ಮೊದಲಿನ ಜಾಲ ಉದ್ದ ಗೆರೆ. ಮೇಲೆ ಒಂದು ಕಡೆ ಕಡಿದರೆ ಕೆಳಗಿನ ಪಂಚಾಯ್ತಿಗಳೆಲ್ಲ ಕತ್ತಲು. ಹೊಸ ಭಾರತ್‌ನೆಟ್‌ನಲ್ಲಿ ರಿಂಗ್ ಮಾಡುತ್ತೇವೆ ಅಂದಿದ್ದಾರೆ. ನಾನು ಕಾಯಲಿಲ್ಲ. ಕಾಲುವೆಯ ಆ ತುದಿಯಲ್ಲಿ ಪಕ್ಕದ ಪಂಚಾಯ್ತಿಯ ಆಪರೇಟರ್ ಇದ್ದಾನೆ, ಅವನ ಬೆಳಕು ಬರೋದು ಬೇರೆ ದಾರಿಯಿಂದ. ಮೇಲಿನವರ ಒಪ್ಪಿಗೆ ತಗೊಂಡು ಅವನ ಎರಡು ಕೋರ್ ನನಗೆ, ನನ್ನ ಎರಡು ಕೋರ್ ಅವನಿಗೆ ಅಂತ ಮಾಡಿಕೊಂಡೆವು. ನಡುವೆ ಇದ್ದದ್ದು 800 ಮೀಟರ್, ಖರ್ಚು ಅರ್ಧ ಅರ್ಧ. ಕಾಗದ ಪತ್ರ ಏನಿಲ್ಲ, ಇಬ್ಬರೂ ಒಂದೇ ಜಾತ್ರೆಗೆ ಹೋಗುವವರು. ಹೋದ ಮಳೆಗಾಲದಲ್ಲಿ ನನ್ನ ಕಡೆ ಎರಡು ದಿನ ಲೈನ್ ಇರಲಿಲ್ಲ. ಗಿರಾಕಿಗಳಿಗೆ ಗೊತ್ತೇ ಆಗಲಿಲ್ಲ.

ಜಮಖಂಡಿಯ ಅಣ್ಣಾವರು ಹೋದ ತಿಂಗಳು ಬಂದಿದ್ದರು. ಡೇರಿ ನೋಡಿದರು, ಕಾಲುವೆ ಮೇಲೆ ಬೈಕಿನಲ್ಲಿ ಕೊನೆಯ ಬಾಕ್ಸ್‌ವರೆಗೆ ಹೋದರು, ಮೀಟರ್ ಹಚ್ಚಿ ಮೈನಸ್ 21 ಕಣ್ಣಾರೆ ಕಂಡರು. ಹೋಗುವಾಗ, "ಆ ಡೈರಿ ಒಂದೀಟ ತೋರ್ಸೋ" ಅಂದರು. ಹಾಲಿನ ಡೇರಿ ತೋರಿಸಿದೆನಲ್ಲ ಅಂದೆ.