ಎರಡು ಸಾವಿರದ ಸೆನ್ಸರ್‌ಗೆ ನಾನು ಕೊಟ್ಟ ಬೆಲೆ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮಾರನಹಳ್ಳಿ ಇನ್ನೂ ಬಂದಿರಲಿಲ್ಲ. ಮುಂದೊಂದು ಟ್ಯಾಂಕರ್, ಹಿಂದೊಂದು ಟ್ಯಾಂಕರ್, ನಡುವೆ ನಮ್ಮ ಹನ್ನೊಂದು ವರ್ಷದ ಪೆಟ್ರೋಲ್ ಕಾರು. ಕೆಮ್ಮಲಿಲ್ಲ, ಜರ್ಕ್ ಹೊಡೆಯಲಿಲ್ಲ, ಸುಮ್ನೆ ಆಫ್ ಆಯಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ರಸ್ತೆ ಬದಿ ನಿಂತೆವು. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಹೇಗೋ ಹಾಸನ ಸೇರಿದೆವು.

ಮಾರನೇ ದಿನ ಗ್ಯಾರೇಜಿಗೆ ಹೋದೆ. 'ಪೆಟ್ರೋಲ್ ಪಂಪ್ ವೀಕ್ ಆಗಿದೆ ಸಾರ್, ಬಿಸಿಯಾದ್ರೆ ಎತ್ತಲ್ಲ' ಅಂದರು. ನಂಬಿದೆ. ಪಂಪ್‌ಗೆ 2,400, ಕೂಲಿ 600. ನಾಲ್ಕೇ ದಿನಕ್ಕೆ ಎನ್.ಆರ್. ಸರ್ಕಲ್ ಟ್ರಾಫಿಕ್ಕಿನಲ್ಲಿ ಗಾಡಿ ಮತ್ತೆ ನಿಂತಿತು. ಹಿಂದಿನವರ ಹಾರ್ನ್ ಕೇಳುತ್ತಾ ಸೆಲ್ಫ್ ಹೊಡೆಯುವಾಗ ಒಂದು ವಿಷಯ ಗಮನಕ್ಕೆ ಬಂತು. ಎಂಜಿನ್ ತಿರುಗುತ್ತಿದೆ, ಆದರೆ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟೂ ಏಳುತ್ತಿಲ್ಲ. ಹಿಂದೆಲ್ಲ ಸೆಲ್ಫ್ ಹೊಡೆದಾಗ ಅದು ಚೂರಾದರೂ ಮೇಲೇಳುತ್ತಿತ್ತು.

ಎಂಜಿನ್ ತಿರುಗುತ್ತಿರುವುದು ಕಾರಿನ ಕಂಪ್ಯೂಟರಿಗೇ ಗೊತ್ತಾಗುತ್ತಿಲ್ಲ ಅಂದಮೇಲೆ ಅನುಮಾನ ಹೋಗಬೇಕಾದದ್ದು ಕ್ರ್ಯಾಂಕ್ ಸೆನ್ಸರ್ ಮೇಲೆ, ಅಲ್ವಾ? ಹೆಬ್ಬೆರಳಿನಷ್ಟು ದಪ್ಪದ ವಸ್ತು ಅದು. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಂತಿಯ ಸುರುಳಿ. ಎಂಜಿನ್ ಜೊತೆ ತಿರುಗುವ ಹಲ್ಲಿನ ಚಕ್ರ ಅದರ ಮುಂದೆ ಹಾದುಹೋದಾಗ ಸಣ್ಣ ಕರೆಂಟ್ ಹುಟ್ಟುತ್ತದೆ. ಕಂಪ್ಯೂಟರ್ ಆ ಹಲ್ಲುಗಳನ್ನು ಎಣಿಸಿ ಯಾವಾಗ ಸ್ಪಾರ್ಕ್ ಕೊಡಬೇಕು, ಯಾವಾಗ ಪೆಟ್ರೋಲ್ ಬಿಡಬೇಕು ಅಂತ ಲೆಕ್ಕ ಹಾಕುತ್ತದೆ. ಎಣಿಕೆ ತಪ್ಪಿದರೆ ಎರಡನ್ನೂ ನಿಲ್ಲಿಸಿಬಿಡುತ್ತದೆ. ಹಳೇ ಸೆನ್ಸರ್‌ನ ತಂತಿ ಒಳಗೇ ಬಿರುಕು ಬಿಟ್ಟಿದ್ದರೆ, ಬಿಸಿಗೆ ಹಿಗ್ಗಿದಾಗ ತುಂಡಾಗುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಘಾಟಿಯಲ್ಲಿ ಅರ್ಧ ಗಂಟೆ ನಿಂತಮೇಲೆ ಸ್ಟಾರ್ಟ್ ಆಗಿದ್ದು ಇದಕ್ಕೇ.

ಸರ್ವಿಸ್ ಸೆಂಟರಿನಲ್ಲಿ ಎಸ್ಟಿಮೇಟ್ ಕೇಳಿದೆ. ಸೆನ್ಸರ್ 2,180, ಕೂಲಿ 1,100, ಸ್ಕ್ಯಾನಿಂಗ್ 800, ಜೊತೆಗೆ ನಾನು ಕೇಳದೇ ಇದ್ದ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಭಾಗ) ಕ್ಲೀನಿಂಗ್ 1,250. ಕೂಲಿಗಳ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 5,897. ಒಂದೇ ಒಂದು ಬೋಲ್ಟಿನ ಕೆಲಸಕ್ಕೆ ಇಷ್ಟಾ ಅನ್ನಿಸಿತು. ಚೀಟಿ ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

850 ರೂಪಾಯಿಗೆ ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೇರಿಂಗ್ ಕೆಳಗಿನ ಪೋರ್ಟ್‌ಗೆ ಚುಚ್ಚಿ ಫೋನಿನಲ್ಲಿ ನೋಡಿದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಪಿ0335. ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್ ಅಂತ ಅರ್ಥ. ಇಲ್ಲೇ ತುಂಬಾ ಜನ ಅವಸರ ಮಾಡುತ್ತಾರೆ. ಸರ್ಕ್ಯೂಟ್ ಅಂದರೆ ಸೆನ್ಸರ್ ಒಂದೇ ಅಲ್ಲ. ಅದರ ವೈರನ್ನು ಇಲಿ ಕಡಿದಿದ್ದರೂ, ಕಪ್ಲರ್ ಸಡಿಲವಾಗಿದ್ದರೂ ಬರುವುದು ಇದೇ ಕೋಡ್. ಪಂಪ್ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನು ನಾನು. ಈ ಸಲ ಪರೀಕ್ಷೆ ಮಾಡದೆ ಏನನ್ನೂ ಕೊಳ್ಳಬಾರದು ಅಂತ ತೀರ್ಮಾನಿಸಿದ್ದೆ.

ಭಾನುವಾರ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಬ್ಯಾಟರಿಯ ಮೈನಸ್ ಬಿಚ್ಚಿದೆ. ಗಾಡಿಗೆ ಜಾಕಿ ಕೊಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜಾಕಿ ನಂಬಿ ಕೆಳಗೆ ಮಲಗಬೇಡಿ, ದಯವಿಟ್ಟು. ನಮ್ಮ ಗಾಡಿಯಲ್ಲಿ ಸೆನ್ಸರ್ ಇರುವುದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ. ಹತ್ತರ ಸ್ಪ್ಯಾನರ್ ಸಾಕು, ಬೋಲ್ಟ್ ಬಂತು. ಸೆನ್ಸರ್ ಬರಲಿಲ್ಲ. ಹನ್ನೊಂದು ವರ್ಷದ ತುಕ್ಕು ಅದನ್ನು ಹಿಡಿದುಕೊಂಡಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ, ಕಾಫಿ ಕುಡಿದು ಬಂದೆ, ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ಮುರಿದು ತುದಿ ಒಳಗೇ ಉಳಿಯುತ್ತದೆ. ಆಗ ಖರ್ಚಿನ ಲೆಕ್ಕವೇ ಬೇರೆ. ಮುಕ್ಕಾಲು ಗಂಟೆಗೆ ಪುಳಕ್ ಅಂತ ಈಚೆ ಬಂತು.

ಅದನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು ಎರಡು ಪಿನ್ನಿಗೆ ಮಲ್ಟಿಮೀಟರ್ ಹಿಡಿದೆ. ಸುರುಳಿಯ ರೆಸಿಸ್ಟೆನ್ಸ್ 860 ಓಮ್. ಏನೂ ತಪ್ಪಿಲ್ಲದ ಹಾಗೆ ಕಾಣುತ್ತಿದೆ! ಹೆಂಡತಿಯ ಹೇರ್ ಡ್ರೈಯರ್ ತಂದು ಬಿಸಿ ಗಾಳಿ ಬಿಟ್ಟೆ. 900, 940, 970 ಅಂತ ನಿಧಾನವಾಗಿ ಏರಿತು. ನಾಲ್ಕನೇ ನಿಮಿಷಕ್ಕೆ ಅಂಕಿ ಕುಣಿದಾಡಿ, ಪರದೆ ಮೇಲೆ 'ಒಎಲ್' (ಮೀಟರ್ ಅಳೆಯಲಾಗದಷ್ಟು ಹೆಚ್ಚು) ಅಂತ ಬಂತು. ತಂತಿ ತುಂಡು. ಡ್ರೈಯರ್ ಆಫ್ ಮಾಡಿ ಐದು ನಿಮಿಷ ಕಾದೆ, ಮತ್ತೆ 870. ಶಿರಾಡಿಯಲ್ಲಿ ಆದದ್ದೇ ನಮ್ಮ ಅಡುಗೆಮನೆಯಲ್ಲಿ ಆಯಿತು. (ಇದು ಎರಡು ವೈರಿನ ಸೆನ್ಸರ್‌ಗೆ ಮಾತ್ರ. ಸುರುಳಿಯ ಬದಲು ಚಿಪ್ ಇರುವ ಮೂರು ವೈರಿನ 'ಹಾಲ್' ಸೆನ್ಸರ್‌ಗೆ ಓಮ್ ಲೆಕ್ಕ ನಡೆಯುವುದಿಲ್ಲ.)

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಸೆನ್ಸರ್ ಮೇಲಿದ್ದ ಪಾರ್ಟ್ ನಂಬರಿನ ಫೋಟೋ ಕಳಿಸಿದೆ. '450ಕ್ಕೂ ಇದೆ, ಒರಿಜಿನಲ್ 1,960' ಅಂದರು. ಘಾಟಿ ನೆನಪಾಗಿ ಒರಿಜಿನಲ್ಲೇ ತರಿಸಿದೆ. ಕೊರಿಯರ್ 90. ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಡಬ್ಬಿ ಮೇಲೆ ಹಳೇ ಎಂಆರ್‌ಪಿ ಇದ್ದರೆ ಹೊಸ ರೇಟ್ ಕೇಳಿ.

ಹೊಸದನ್ನು ಹಾಕಿದ್ದು ಹತ್ತು ನಿಮಿಷದ ಕೆಲಸ. ತೂತಿನ ಸುತ್ತ ಬಟ್ಟೆಯಲ್ಲಿ ಒರೆಸಿ, ಸೆನ್ಸರ್‌ನ ರಬ್ಬರ್ ಓ-ರಿಂಗ್‌ಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಬೋಲ್ಟನ್ನು ಹದವಾಗಿ ಬಿಗಿದೆ. ಕೋಡ್ ಅಳಿಸಿದೆ. ಸೆಲ್ಫ್ ಹೊಡೆದಾಗ ಮೊದಲು ನೋಡಿದ್ದು ಆರ್‌ಪಿಎಂ ಮುಳ್ಳನ್ನೇ. ಎದ್ದಿತು. ಮುಂದಿನ ವಾರ ಮಂಗಳೂರಿಗೆ ಹೋಗಿ ಬಂದೆವು, ಘಾಟಿಯಲ್ಲಿ ಎಲ್ಲೂ ನಿಲ್ಲಲಿಲ್ಲ.

ರಾತ್ರಿ ಊಟ ಮಾಡುತ್ತಾ ಜಂಬ ಕೊಚ್ಚಿಕೊಂಡೆ, ಸುಮಾರು ನಾಲ್ಕು ಸಾವಿರ ಉಳಿಸಿದೆ ಅಂತ. ಮನೆಯವಳು ಫೋನ್ ತೆಗೆದು ಕೂಡತೊಡಗಿದಳು. ಸೆನ್ಸರ್, ಕೊರಿಯರ್, ಸ್ಕ್ಯಾನರ್ ಸೇರಿ 2,900. ಗ್ಯಾರೇಜಿನ ಪಂಪ್ 3,000.

'5,900. ಆ ಚೀಟಿಗಿಂತ ಮೂರು ರೂಪಾಯಿ ಜಾಸ್ತಿನೇ ಆಯ್ತಲ್ರೀ' ಅಂದಳು.